ತಾನೇ ತಿರುಗುವ ಸ್ಟೀರಿಂಗ್: ಬಿತ್ತನೆಗೆ ಮುನ್ನ ಆರು ಪ್ರಶ್ನೆಗಳು

ಟ್ರ್ಯಾಕ್ಟರಿನ ಆಟೋಸ್ಟೀರಿಂಗ್ (ಉಪಗ್ರಹದ ಸಂಕೇತ ಹಿಡಿದು ಸ್ಟೀರಿಂಗ್ ತಾನಾಗಿ ತಿರುಗುವ ವ್ಯವಸ್ಥೆ) ಕುರಿತು ರೈತರಲ್ಲಿ ಆಸೆಯೂ ಇದೆ, ಅಂಜಿಕೆಯೂ ಇದೆ. ಸಾಲು ಬಿತ್ತನೆಗೆ ಸಂಬಂಧಿಸಿದ ಆರು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮದು ಹನ್ನೆರಡು ಎಕರೆ ಎರೆ ಹೊಲ. ತೊಗರಿ, ಕಡಲೆ ಬೆಳೆಯುತ್ತೇವೆ. ಮಗ ಆಟೋಸ್ಟೀರಿಂಗ್ ಹಾಕಿಸೋಣ ಎನ್ನುತ್ತಾನೆ. ನಾನು ನನ್ನ ಹೊಲದಲ್ಲೇ ನಿಂತಿದ್ದರೂ ಮೊಬೈಲಿನ ನಕ್ಷೆ ಪಕ್ಕದವರ ಬದುವಿನಾಚೆ ತೋರಿಸುತ್ತದೆ. ಇದನ್ನು ನಂಬಿ ಬಿತ್ತಿದರೆ ದುಡ್ಡೂ ಹೋಗಿ, ಹದವೂ ಹೋದೀತೆಂಬ ಭಯ.
– ತೊಗರಿ ಬೆಳೆಗಾರರು, ಆಳಂದ ತಾಲ್ಲೂಕು

ಉತ್ತರ: ಮೊಬೈಲೇ ತಪ್ಪು ತೋರಿಸುವಾಗ ಟ್ರ್ಯಾಕ್ಟರ್ ಸರಿಯಾಗಿ ಹೋದೀತೇ ಎಂಬುದು ನಿಮ್ಮ ಚಿಂತೆ. ಅದು ನ್ಯಾಯವಾದದ್ದೇ. ಆದರೆ ಗಾಬರಿ ಬೇಡ. ಮೊಬೈಲಿನಲ್ಲಿರುವುದೂ ಟ್ರ್ಯಾಕ್ಟರಿಗೆ ಹಾಕುವುದೂ ಒಂದೇ ದರ್ಜೆಯ ಉಪಕರಣಗಳಲ್ಲ.

ನಿಖರತೆಯಲ್ಲಿ ಮೂರು ಮಟ್ಟಗಳಿವೆ. ಉಪಗ್ರಹದ ಸಂಕೇತವನ್ನು ಹಾಗೇ ಬಳಸಿದರೆ ಮೂರರಿಂದ ಐದು ಮೀಟರ್ ಹೆಚ್ಚುಕಮ್ಮಿಯಾಗಬಹುದು. ನಿಮ್ಮ ಮೊಬೈಲ್ ಇರುವುದು ಈ ಮಟ್ಟದಲ್ಲಿ. ಎರಡನೆಯದು ‘ಗಗನ್’. ಇದು ವಿಮಾನಗಳಿಗಾಗಿ ಇಸ್ರೋ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ತಿದ್ದುಪಡಿ ಸೇವೆ. ಜಿಸ್ಯಾಟ್-8, 10 ಮತ್ತು 15 ಉಪಗ್ರಹಗಳ ಮೂಲಕ ಬರುವ ಈ ಸಂಕೇತ ಹಿಡಿಯುವ ರಿಸೀವರ್ ಇದ್ದರೆ, ಪಕ್ಕಪಕ್ಕದ ಸುತ್ತುಗಳ ನಡುವಿನ ವ್ಯತ್ಯಾಸ ಸುಮಾರು ಒಂದು ಗೇಣಿಗೆ ಇಳಿಯುತ್ತದೆ. ಮೂರನೆಯದು ಆರ್‌ಟಿಕೆ (ನೆಲದ ಮೇಲೆ ಸ್ಥಿರವಾಗಿ ನಿಂತ ಇನ್ನೊಂದು ರಿಸೀವರ್ ಕ್ಷಣಕ್ಷಣಕ್ಕೂ ತಪ್ಪನ್ನು ತಿದ್ದಿ ಕಳುಹಿಸುವ ವಿಧಾನ). ಇದರಲ್ಲಿ ವ್ಯತ್ಯಾಸ ಎರಡು–ಮೂರು ಸೆಂಟಿಮೀಟರ್, ಅಂದರೆ ಒಂದಿಂಚಿನ ಆಸುಪಾಸು.

ಗೊಬ್ಬರ ಎರಚಲು, ಹರಗಲು ಗಗನ್ ಸಾಕು. ಸಾಲು ಬಿತ್ತಿ, ಮುಂದೆ ಅದೇ ಸಾಲುಗಳ ನಡುವೆ ಟ್ರ್ಯಾಕ್ಟರಿನಿಂದ ಎಡೆ ಹೊಡೆಯುವುದಾದರೆ ಆರ್‌ಟಿಕೆ ಬೇಕು.

ಲಾಭದ ಲೆಕ್ಕ ಹೀಗೆ ಮಾಡಿ. ಎರಡು ಮೀಟರ್ ಅಗಲದ ಕೂರಿಗೆ ಪ್ರತಿ ಸುತ್ತಿನಲ್ಲೂ 20 ಸೆಂಟಿಮೀಟರ್ ಹಳೆಯ ಜಾಗದ ಮೇಲೇ ಹೋದರೆ, ಹತ್ತು ಎಕರೆಯ ಬೀಜ, ಗೊಬ್ಬರ, ಡೀಸೆಲ್‌ನಲ್ಲಿ ಒಂಬತ್ತೇ ಎಕರೆ ಮುಗಿಯುತ್ತದೆ. ಆದರೂ ಹನ್ನೆರಡು ಎಕರೆಗೆಂದೇ ಇಡೀ ವ್ಯವಸ್ಥೆ ಕೊಳ್ಳುವುದು ಭಾರವಾಗಬಹುದು. ಬಾಡಿಗೆಗೆ ಬಿತ್ತುವವರಲ್ಲಿ ಈ ಸೌಲಭ್ಯ ಇದೆಯೇ ಎಂದು ಮೊದಲು ವಿಚಾರಿಸಿ. ಅಕ್ಕಪಕ್ಕದ ನಾಲ್ಕಾರು ರೈತರು ಸೇರಿ ಆರ್‌ಟಿಕೆಗೆ ಒಂದೇ ಸ್ಥಿರ ಕೇಂದ್ರ ಇಟ್ಟುಕೊಳ್ಳುವುದೂ ಒಳ್ಳೆಯ ದಾರಿ. ಮಗನ ಉತ್ಸಾಹ ಸರಿಯಾದದ್ದು. ಅದಕ್ಕೆ ನಿಮ್ಮ ಲೆಕ್ಕಾಚಾರವೂ ಜೊತೆಯಾಗಲಿ.

ಪ್ರಶ್ನೆ: ನಮ್ಮ ಟ್ರ್ಯಾಕ್ಟರ್ ಹತ್ತು ವರ್ಷ ಹಳೆಯದು. ಇದಕ್ಕೆ ಹಾಕಿಸಿದರೆ ಗಾಡಿ ಕೆಡುವುದೇ?
– ರೈತ ಮಹಿಳೆ, ನವಲಗುಂದ

ಉತ್ತರ: ಗಾಡಿ ಕೆಡುವುದಿಲ್ಲ. ಈಗ ಹೆಚ್ಚಾಗಿ ಬರುವ ಬಗೆಯಲ್ಲಿ ಹಳೆಯ ಸ್ಟೀರಿಂಗ್ ಚಕ್ರ ತೆಗೆದು, ಅದೇ ಜಾಗಕ್ಕೆ ಮೋಟಾರ್ ಇರುವ ಚಕ್ರ ಕೂಡಿಸುತ್ತಾರೆ. ಎಂಜಿನ್ನಿಗೆ ಕೈ ಹಾಕುವುದಿಲ್ಲ. ಬೇಡವೆನಿಸಿದರೆ ಹಳೆಯ ಚಕ್ರ ಮತ್ತೆ ಹಾಕಬಹುದು.

ಆದರೆ ಪವರ್ ಸ್ಟೀರಿಂಗ್ ಇರಬೇಕು, ಬ್ಯಾಟರಿ ಗಟ್ಟಿಯಾಗಿರಬೇಕು, ಸ್ಟೀರಿಂಗ್‌ನಲ್ಲಿ ಪ್ಲೇ (ಸಡಿಲ) ಇರಬಾರದು. ಟೈ ರಾಡ್ ಸವೆದಿದ್ದರೆ ಟ್ರ್ಯಾಕ್ಟರ್ ತಾನು ಹಿಡಿಯಬೇಕಾದ ಗೆರೆಯ ಆಚೆ ಈಚೆ ಓಲಾಡುತ್ತಲೇ ಹೋಗುತ್ತದೆ. ಪರದೆಯ ಮೇಲೆ ಎಷ್ಟು ಅಂಕಿ ಬದಲಿಸಿದರೂ ಅದು ನಿಲ್ಲದು. ಮೊದಲು ಮೆಕ್ಯಾನಿಕ್ ಬಳಿ ಹೋಗಿ. ಮುಂದಿನ ಎರಡೂ ಟಯರಿನ ಗಾಳಿ ಸಮ ಮಾಡಿಸಿ. ಆಮೇಲೆ ಆಟೋಸ್ಟೀರಿಂಗ್ ಮಾತು.

ಪ್ರಶ್ನೆ: ನಾಲ್ಕು ಸಾಲಿನ ಯಂತ್ರದಲ್ಲಿ ಮೆಕ್ಕೆಜೋಳವನ್ನು 60 ಸೆಂಟಿಮೀಟರ್ ಅಂತರಕ್ಕೆ ಬಿತ್ತಿದೆವು. ಹುಟ್ಟಿದ ಮೇಲೆ ನೋಡಿದರೆ ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವಿನ ಅಂತರ ಒಮ್ಮೆ ಅಗಲ, ಒಮ್ಮೆ ಕಿರಿದು. ಪರದೆ ಮಾತ್ರ ಎಲ್ಲ ಸರಿ ಎನ್ನುತ್ತಿತ್ತು. ಯಂತ್ರವೇ ಕೆಟ್ಟದ್ದು ಬಂತೇ?
– ಮೆಕ್ಕೆಜೋಳ ಬೆಳೆಗಾರರು, ದಾವಣಗೆರೆ

ಉತ್ತರ: ಬೆಳೆ ಹುಟ್ಟಿದ ಮೇಲೆ ಇಂಥದ್ದು ಕಂಡರೆ ಹೊಟ್ಟೆ ಉರಿಯುವುದು ಸಹಜ. ಆದರೆ ನಿಮ್ಮ ಯಂತ್ರ ಕೆಟ್ಟಿಲ್ಲ. ಒಂದು ಅಗಲ, ಒಂದು ಕಿರಿದು ಎಂದು ಪಾಳಿಯಂತೆ ಬರುವುದೇ ರೋಗದ ಗುರುತು. ಬಿತ್ತುವ ಯಂತ್ರ ಟ್ರ್ಯಾಕ್ಟರಿನ ನಡುಮಧ್ಯಕ್ಕೆ ನಿಂತಿಲ್ಲ, ಸ್ವಲ್ಪ ಎಡಕ್ಕೋ ಬಲಕ್ಕೋ ಸರಿದಿದೆ. ಹೋಗುವಾಗ ಪೂರ್ವಕ್ಕೆ ಸರಿದದ್ದು ಬರುವಾಗ ಪಶ್ಚಿಮಕ್ಕೆ ಸರಿಯುತ್ತದೆ.

ಪರದೆ ತೋರಿಸುವುದು ಮೇಲಿರುವ ಆಂಟೆನಾದ ಜಾಗವನ್ನು. ಹಿಂದೆ ಬೀಜ ಎಲ್ಲಿ ಬೀಳುತ್ತಿದೆ ಎಂಬುದು ಅದಕ್ಕೆ ಕಾಣದು.

ತಿದ್ದುವುದು ಸುಲಭ. ಮೊದಲು ಹಿಂದಿನ ಚೆಕ್ ಚೈನ್ (ಯಂತ್ರ ಅತ್ತಿತ್ತ ಸರಿಯದಂತೆ ಹಿಡಿಯುವ ಸರಪಳಿ) ಎರಡೂ ಕಡೆ ಸಮನಾಗಿ ಬಿಗಿ ಮಾಡಿ. ಬೀಜವಿಲ್ಲದೆ ಮೂರು ಸುತ್ತು ಓಡಿಸಿ, ಟೇಪಿನಿಂದ ಅಳೆಯಿರಿ. ಅಗಲದ ಅಂತರದಲ್ಲಿ ಕಿರಿದನ್ನು ಕಳೆದು, ಉಳಿದದ್ದನ್ನು ನಾಲ್ಕರಿಂದ ಭಾಗಿಸಿ. 72 ಮತ್ತು 48 ಬಂದರೆ ವ್ಯತ್ಯಾಸ 24, ನಾಲ್ಕರಿಂದ ಭಾಗಿಸಿದರೆ 6. ನಿಮ್ಮ ಯಂತ್ರ 6 ಸೆಂಟಿಮೀಟರ್ ಸರಿದಿದೆ ಎಂದರ್ಥ. ಬಲಕ್ಕೆ ತಿರುಗಿಸಿಕೊಂಡು ಬಂದಾಗ ಅಂತರ ಕಿರಿದಾಗಿದ್ದರೆ ಯಂತ್ರ ಬಲಕ್ಕೆ ಸರಿದಿದೆ, ಅಗಲವಾಗಿದ್ದರೆ ಎಡಕ್ಕೆ. ಈ ಅಂಕಿಯನ್ನು ‘ಆಫ್‌ಸೆಟ್’ (ಮಧ್ಯದಿಂದ ಸರಿದ ಅಳತೆ) ಎಂಬಲ್ಲಿ ಬರೆಯಿರಿ.

ಎಲ್ಲ ಅಂತರಗಳೂ ಒಂದೇ ಸಮ ತಪ್ಪಿದ್ದರೆ ಕಾರಣ ಬೇರೆ: ಯಂತ್ರದ ಅಗಲ ತಪ್ಪಾಗಿ ತುಂಬಿರುತ್ತೀರಿ. ನಾಲ್ಕು ಸಾಲಿಗೆ ತುದಿಯಿಂದ ತುದಿಗೆ ಅಳೆದರೆ 180 ಬರುತ್ತದೆ. ತುಂಬಬೇಕಾದ್ದು ನಾಲ್ಕು ಅರವತ್ತು, ಅಂದರೆ 240.

ಪ್ರಶ್ನೆ: ನಮ್ಮ ಹೊಲ ಇಳಿಜಾರು. ಸಮ ನೆಲದಲ್ಲಿ ನೆಟ್ಟಗೆ ಬರುವ ಸಾಲು ಇಳಿಜಾರಿನಲ್ಲಿ ಒಂದು ಗೇಣು ಸರಿಯುತ್ತದೆ. ಇಂಥ ಹೊಲಕ್ಕೆ ಇದು ಆಗಿಬರುವುದಿಲ್ಲವೇ?
– ರೈತರು, ಹುಕ್ಕೇರಿ ತಾಲ್ಲೂಕು

ಉತ್ತರ: ಖಂಡಿತ ಆಗಿಬರುತ್ತದೆ. ಆಂಟೆನಾ ಸುಮಾರು ಎರಡೂವರೆ ಮೀಟರ್ ಎತ್ತರದಲ್ಲಿರುತ್ತದೆ. ಟ್ರ್ಯಾಕ್ಟರ್ ಐದೇ ಡಿಗ್ರಿ ವಾಲಿದರೂ ಆಂಟೆನಾ 22 ಸೆಂಟಿಮೀಟರಿನಷ್ಟು ಇಳಿಜಾರಿನ ಕಡೆ ಸರಿಯುತ್ತದೆ. ನೀವು ಕಂಡ ಗೇಣು ಇದೇ.

ವಾಲಿದ್ದನ್ನು ಅಳೆಯುವ ಸಾಧನ ಆಟೋಸ್ಟೀರಿಂಗ್‌ನ ಪೆಟ್ಟಿಗೆಯೊಳಗೇ ಇರುತ್ತದೆ. ಅದಕ್ಕೆ ‘ಸಮ’ ಎಂದರೆ ಏನೆಂದು ಒಮ್ಮೆ ಕಲಿಸಬೇಕು. ಗಟ್ಟಿ ನೆಲದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ, ಹಿಂದಿನ ಗಾಲಿಗಳ ಜಾಗಕ್ಕೆ ಸುಣ್ಣದ ಗುರುತು ಹಾಕಿ, ಅಳತೆ ದಾಖಲಿಸಿ. ಬಳಿಕ ಗಾಡಿ ತಿರುಗಿಸಿ, ಅದೇ ಗುರುತಿನ ಮೇಲೆ ಎದುರು ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ, ಮತ್ತೆ ದಾಖಲಿಸಿ. ಆಂಟೆನಾದ ಎತ್ತರವನ್ನೂ ಹಿಂದಿನ ಅಚ್ಚಿನಿಂದ ಅದಕ್ಕಿರುವ ದೂರವನ್ನೂ ಅಂದಾಜಿನಲ್ಲಿ ಬರೆಯದೆ, ಟೇಪಿನಿಂದ ಅಳೆದೇ ಬರೆಯಿರಿ. ಹಿಂದೆ ಎಳೆದುಕೊಂಡು ಬರುವ ಯಂತ್ರ ತಾನೇ ಇಳಿಜಾರಿಗೆ ಜಾರಿದರೆ ಮಾತ್ರ ಈ ತಿದ್ದುಪಡಿಗೆ ಅದು ಸಿಗದು. ಅಲ್ಲಿ ವೇಗ ತಗ್ಗಿಸಬೇಕು.

ಇನ್ನೊಂದು ಮಾತು ನೀವು ಕೇಳದಿದ್ದರೂ ಹೇಳಬೇಕು. ಸಾಲು ನೆಟ್ಟಗೆ ಕಾಣಲೆಂದು ಇಳಿಜಾರಿನ ಉದ್ದಕ್ಕೆ ಬಿತ್ತಬೇಡಿ. ಪ್ರತಿ ಸಾಲೂ ಮಳೆನೀರಿಗೆ ಕಾಲುವೆಯಾಗಿ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಬದುವಿನ ಗುಂಟ ಒಮ್ಮೆ ಓಡಿಸಿ ಬಾಗಿದ ಗೆರೆಯನ್ನೇ ದಾಖಲಿಸಿಕೊಂಡರೆ, ಯಂತ್ರ ಉಳಿದ ಸುತ್ತುಗಳನ್ನೂ ಅದರಂತೆಯೇ ಬಾಗಿಸುತ್ತದೆ.

ಪ್ರಶ್ನೆ: ಹತ್ತಿ ಬಿತ್ತಿದ ಗೆರೆಗಳನ್ನು ಉಳಿಸಿಟ್ಟಿದ್ದೆವು. ಎಡೆ ಹೊಡೆಯಲು ತೆರೆದರೆ ಗೆರೆ ಗಿಡಗಳ ಮೇಲೇ ಬಂತು. ರಾತ್ರಿ ಕೆಲಸಕ್ಕೆ ಹೋದರೆ ಸಂಕೇತವೇ ಹೋಗುತ್ತದೆ. ನಂಬಿಕೆಯೇ ಹೋಗಿದೆ.
– ಹತ್ತಿ ಬೆಳೆಗಾರರು, ರಾಯಚೂರು

ಉತ್ತರ: ಗಿಡದ ಮೇಲೆ ಕುಂಟೆ ಹಾಯಿಸದೆ ನಿಲ್ಲಿಸಿದಿರಲ್ಲ, ಒಳ್ಳೆಯದಾಯಿತು. ಎರಡಕ್ಕೂ ಕಾರಣವಿದೆ, ಪರಿಹಾರವೂ ಇದೆ.

ಗೆರೆ ಸರಿದದ್ದು ಬೇಸ್ (ತಿದ್ದುಪಡಿ ಕಳುಹಿಸುವ ಸ್ಥಿರ ಕೇಂದ್ರ) ಬದಲಾದದ್ದರಿಂದ ಇರಬಹುದು. ಬೇಸನ್ನು ಬೇರೆ ಜಾಗದಲ್ಲಿ ಇಟ್ಟರೆ, ಅಥವಾ ಅದೇ ಜಾಗದಲ್ಲಿದ್ದರೂ ಅದು ತನ್ನ ಸ್ಥಾನವನ್ನು ಹೊಸದಾಗಿ ಅಂದಾಜಿಸಲು ಬಿಟ್ಟರೆ, ಒಂದು ಮೀಟರ್ ವ್ಯತ್ಯಾಸ ಬರುವುದು ಆಶ್ಚರ್ಯವಲ್ಲ. ಇಡೀ ಹೊಲದ ಗೆರೆಗಳು ಅಷ್ಟೂ ದೂರ ಒಟ್ಟಿಗೇ ಸರಿಯುತ್ತವೆ. ಮನೆಯ ತಾರಸಿಯ ಮೇಲೆ ಗಟ್ಟಿಯಾದ ಕಂಬ ನೆಟ್ಟು, ಒಮ್ಮೆ ಸಿಕ್ಕ ಅಕ್ಷಾಂಶ, ರೇಖಾಂಶ, ಎತ್ತರಗಳನ್ನು ಪುಸ್ತಕದಲ್ಲಿ ಬರೆದಿಟ್ಟು, ಪ್ರತಿ ಸಲವೂ ಅವನ್ನೇ ತುಂಬಿ.

ಬೇಸ್ ದೂರವಾದಂತೆ ಪ್ರತಿ ಕಿಲೋಮೀಟರಿಗೆ ಸುಮಾರು ಒಂದು ಮಿಲಿಮೀಟರ್ ತಪ್ಪು ಕೂಡುತ್ತದೆ. ಸ್ವಂತ ಬೇಸ್ ಬೇಡವೆಂದರೆ ಭಾರತೀಯ ಸರ್ವೇಕ್ಷಣಾ ಇಲಾಖೆಯ ಕಾರ್ಸ್ ಜಾಲ (ಸದಾ ಚಾಲನೆಯಲ್ಲಿರುವ ಸ್ಥಿರ ಕೇಂದ್ರಗಳು) ಇಂಟರ್‌ನೆಟ್ ಮೂಲಕ ತಿದ್ದುಪಡಿ ಕೊಡುತ್ತದೆ. ಇದಕ್ಕೆ ಹೊಲದಲ್ಲಿ ಮೊಬೈಲ್ ಸಿಗ್ನಲ್ ಬೇಕು. ಬಿತ್ತನೆಗೆ ಒಂದು, ಎಡೆಗೆ ಇನ್ನೊಂದು ಎಂದು ಸೇವೆ ಬದಲಿಸಬೇಡಿ.

ರಾತ್ರಿಯ ತೊಂದರೆಯ ಮೂಲ ಆಕಾಶದಲ್ಲಿರಬಹುದು. ದಕ್ಷಿಣ ಭಾರತ ಭೂಮಿಯ ಕಾಂತೀಯ ಸಮಭಾಜಕದ ಹತ್ತಿರವಿದೆ. ಸೂರ್ಯ ಮುಳುಗಿದ ಮೇಲೆ, ಅದರಲ್ಲೂ ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನ ತಿಂಗಳುಗಳಲ್ಲಿ, ಅಯಾನುಗೋಳ (ವಾತಾವರಣದ ಮೇಲಿನ ವಿದ್ಯುತ್ ಕಣಗಳ ಪದರ) ಕದಡಿ ಸಂಕೇತ ತುಂಡಾಗುತ್ತದೆ. ಪರದೆಯಲ್ಲಿ ‘ಫಿಕ್ಸ್’ (ಪೂರ್ಣ ನಿಖರತೆ) ಹೋಗಿ ‘ಫ್ಲೋಟ್’ (ನಿಖರತೆ ತಗ್ಗಿದ ಸ್ಥಿತಿ) ಬಂದರೆ ಬಿತ್ತನೆ ನಿಲ್ಲಿಸಿ, ಸ್ವಲ್ಪ ಹೊತ್ತು ಕಾಯಿರಿ. ಅಂಥ ದಿನಗಳಲ್ಲಿ ಬೆಳಗಿನ ಜಾವ ಕೆಲಸಕ್ಕೆ ಒಳ್ಳೆಯದು.

ಪ್ರಶ್ನೆ: ಹದಿನೈದು ವರ್ಷದಿಂದ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಿದ್ದೇನೆ. ಸ್ಟೀರಿಂಗ್ ತಾನೇ ತಿರುಗಿದರೆ ನನ್ನ ಕೆಲಸ ಹೋಗುವುದೇ?
– ಟ್ರ್ಯಾಕ್ಟರ್ ಚಾಲಕ, ಸಿಂಧನೂರು

ಉತ್ತರ: ಮನೆ ನಡೆಯುವುದೇ ಈ ದುಡಿಮೆಯಿಂದ ಎಂದಾಗ ಈ ಭಯ ಬರದೆ ಇರದು. ನಿಮ್ಮಂಥ ಅನುಭವಿಗಳಿಲ್ಲದೆ ಈ ವ್ಯವಸ್ಥೆ ನಡೆಯುವುದಿಲ್ಲ ಎಂಬುದೂ ಅಷ್ಟೇ ನಿಜ.

ಸ್ಟೀರಿಂಗ್ ಗೆರೆ ಹಿಡಿಯುತ್ತದೆ, ಅಷ್ಟೇ. ಬೀಜದ ನಳಿಗೆ ಕಟ್ಟಿದ್ದು ಅದಕ್ಕೆ ತಿಳಿಯದು. ಮಣ್ಣಿನ ಹಸಿ ಆಳದಲ್ಲಿದೆಯೇ ಎಂದು ಅದು ನೋಡದು. ಬದುವಿನ ಕೊನೆಯಲ್ಲಿ ಯಂತ್ರ ಎತ್ತಿ ಗಾಡಿ ತಿರುಗಿಸುವುದು, ವೇಗ ಹಿಡಿತದಲ್ಲಿಡುವುದು ನಿಮ್ಮದೇ ಕೆಲಸ. ದಿನವಿಡೀ ಗೆರೆ ನೋಡುತ್ತ ಕುತ್ತಿಗೆ ನೋಯಿಸಿಕೊಳ್ಳುವುದು ತಪ್ಪಿದರೆ, ಹಿಂದೆ ಬೀಳುವ ಬೀಜದ ಮೇಲೆ ಕಣ್ಣಿಡಬಹುದು. ಮೇಲೆ ಹೇಳಿದ ಅಳತೆಗಳನ್ನು ನೀವು ಕಲಿತರೆ ಮಾಲೀಕರಿಗೆ ನೀವು ಇನ್ನೂ ಹೆಚ್ಚು ಬೇಕಾದವರಾಗುತ್ತೀರಿ. ಹಾಕಿಸುವ ದಿನ ಮಾಲೀಕರಿಗೆ ಹೇಳಿ, ಜೊತೆಗೆ ನಿಂತು ಕಲಿಯಿರಿ.

ಒಂದನ್ನು ಮಾತ್ರ ಎಂದೂ ಮರೆಯಬೇಡಿ. ಈ ಯಂತ್ರಕ್ಕೆ ಮುಂದಿರುವ ಮನುಷ್ಯ, ದನ, ತೆರೆದ ಬಾವಿ, ಕರೆಂಟಿನ ಕಂಬ ಯಾವುದೂ ಕಾಣದು. ಸೀಟು ಬಿಟ್ಟು ಏಳಬೇಡಿ, ಮೊಬೈಲಿನಲ್ಲಿ ಮುಳುಗಬೇಡಿ, ಮಡ್‌ಗಾರ್ಡ್ ಮೇಲೆ ಮಕ್ಕಳನ್ನು ಕೂರಿಸಬೇಡಿ. ರಸ್ತೆಗೆ ಇಳಿಯುವ ಮುಂಚೆ ಆಟೋಸ್ಟೀರಿಂಗ್ ಆರಿಸಿ.

ಕೊನೆಗೆ ಎಲ್ಲ ಓದುಗರಲ್ಲೂ ಒಂದು ವಿನಂತಿ. ಮಳೆ ಬಿದ್ದು ಹದ ಬಂದ ದಿನ ಹೊಸ ಉಪಕರಣ ಕಲಿಯಲು ಹೋಗಬೇಡಿ. ಅದಕ್ಕೂ ಮುಂಚೆ ಒಂದು ದಿನ ಖಾಲಿ ಹೊಲದಲ್ಲಿ ಬೀಜವಿಲ್ಲದೆ ಓಡಿಸಿ, ಸಾಲುಗಳನ್ನು ಟೇಪಿನಿಂದ ಅಳೆಯಿರಿ. ಅಳತೆ ಸರಿ ಬಂದ ಮೇಲೆಯೇ ಬೀಜ ತುಂಬಿ.