ನ್ಯಾಯಾಲಯದ ಆದೇಶವಿದ್ದರೂ ಮಗುವನ್ನು ಕಾಣಲಾಗದಿದ್ದರೆ?

ಗಂಡ ಹೆಂಡತಿ ಬೇರೆಯಾದ ಮೇಲೂ ಅವರ ನಡುವೆ ಉಳಿಯುವ ದೊಡ್ಡ ಪ್ರಶ್ನೆ ಮಕ್ಕಳದು. ಮಗು ತಾಯಿಯ ಬಳಿ ಇರಲಿ, ತಂದೆ ತಿಂಗಳಿಗೆ ಎರಡು ಭಾನುವಾರ ಬಂದು ನೋಡಲಿ ಎಂದು ನ್ಯಾಯಾಲಯ ಆದೇಶಿಸುತ್ತದೆ. ತಂದೆ ಬಂದಾಗ ಮನೆಗೆ ಬೀಗ. ಮುಂದಿನ ಸಲ ಮಗುವಿಗೆ ಜ್ವರವೆಂಬ ನೆಪ, ಆಮೇಲೆ ಪರೀಕ್ಷೆಯ ನೆಪ. ಇದಕ್ಕೆ ಇನ್ನೊಂದು ಮುಖವೂ ಉಂಟು. ರಜೆಗೆಂದು ಮಗುವನ್ನು ಕರೆದೊಯ್ದ ತಂದೆ, ಶಾಲೆ ಆರಂಭವಾದರೂ ಹಿಂದಕ್ಕೆ ಕಳುಹಿಸುವುದಿಲ್ಲ. ಕೈಯಲ್ಲಿ ಆದೇಶವಿದ್ದೂ ಮಗುವಿನ ಮುಖ ಕಾಣದವರು ಏನು ಮಾಡಬೇಕು?

ಆದೇಶ ಯಾರಿಗಾಗಿ?

ಮೊದಲು ಒಂದು ಮಾತು ತಿಳಿದಿರಲಿ. ಈ ಆದೇಶ ಗೆದ್ದವರಿಗೆ ಸಿಕ್ಕ ಬಹುಮಾನವಲ್ಲ. 1973ರಲ್ಲಿ ಕ್ರೈಸ್ತ ದಂಪತಿಗಳೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಕ್ಕಳು ತಂದೆತಾಯಿಯ ಸೊತ್ತಲ್ಲ, ಅವರ ಹಿತವೇ ಮುಖ್ಯವೆಂದು ಸ್ಪಷ್ಟಪಡಿಸಿತು. 2020ರಲ್ಲಿ ಅದೇ ನ್ಯಾಯಾಲಯ, ತಂದೆತಾಯಿ ಇಬ್ಬರ ಪ್ರೀತಿಯನ್ನೂ ಪಡೆಯುವುದು ಮಗುವಿನ ಹಕ್ಕೆಂದು ಹೇಳಿತು; ಜೊತೆಗಿಲ್ಲದ ತಂದೆ ಅಥವಾ ತಾಯಿಗೆ ಭೇಟಿಯಲ್ಲದೆ ಫೋನ್, ವಿಡಿಯೋ ಕರೆಯ ಮೂಲಕ ಮಾತನಾಡಲೂ ಅವಕಾಶವಿರಬೇಕೆಂದಿತು. ಆದ್ದರಿಂದ ಭೇಟಿಯನ್ನು ತಡೆಯುವವರು ಬಿಟ್ಟುಹೋದ ಸಂಗಾತಿಯನ್ನು ಶಿಕ್ಷಿಸುತ್ತಿದ್ದೇವೆಂದು ತಿಳಿದರೂ, ನಿಜಕ್ಕೂ ತಮ್ಮ ಮಗುವಿನ ಪಾಲನ್ನೇ ಕಸಿದುಕೊಳ್ಳುತ್ತಾರೆ.

ಯಾವ ನ್ಯಾಯಾಲಯ?

ನಮ್ಮಲ್ಲಿ ಕೆಲವರಿಗೆ ಗೊಂದಲವಿದೆ. ಧರ್ಮಸಭೆಯ ನ್ಯಾಯಮಂಡಳಿ ವಿವಾಹವನ್ನು ಅಸಿಂಧುವೆಂದು ಸಾರಿದರೆ, ಸಂಸ್ಕಾರದ ದೃಷ್ಟಿಯಿಂದ ಅದು ಮುಖ್ಯ. ಆದರೆ ಆ ತೀರ್ಪಿನಿಂದ ದೇಶದ ಕಾನೂನಿನ ಪ್ರಕಾರ ವಿವಾಹ ಕೊನೆಗೊಳ್ಳುವುದಿಲ್ಲವೆಂದು 1996ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮಕ್ಕಳ ವಶ ಮತ್ತು ಭೇಟಿಯನ್ನು ನಿರ್ಧರಿಸುವುದು 1869ರ ವಿಚ್ಛೇದನ ಕಾಯಿದೆ ಮತ್ತು 1890ರ ಪಾಲಕರು ಮತ್ತು ಪಾಲ್ಯರ ಕಾಯಿದೆಯ ಪ್ರಕಾರ ಸರಕಾರದ ನ್ಯಾಯಾಲಯ. ಕೌಟುಂಬಿಕ ನ್ಯಾಯಾಲಯ ಇರುವಲ್ಲಿ ಇವು ಅಲ್ಲಿಗೇ ಹೋಗುತ್ತವೆ.

ಆದೇಶ ಮೀರಿದರೆ

1. ಮೊದಲು ಆದೇಶದ ದೃಢೀಕೃತ ನಕಲು ಪಡೆಯಿರಿ. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಇಲ್ಲವಾದರೆ ಸ್ಪಷ್ಟಪಡಿಸಲು ಕೋರಬಹುದು. ಭೇಟಿ ತಪ್ಪಿದ ದಿನಗಳನ್ನು ಬರೆದಿಡಿ.

2. ಅಮಲ್ಜಾರಿ ಅರ್ಜಿ ಹಾಕಿ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯ 18ನೇ ಕಲಮಿನಂತೆ ಈ ಆದೇಶಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ. ಪಾಲಿಸಲು ಅವಕಾಶವಿದ್ದೂ ಬೇಕೆಂದೇ ಪಾಲಿಸದವರ ಆಸ್ತಿ ಜಪ್ತಿ ಮಾಡಲು ಅಥವಾ ಅವರನ್ನು ಸಿವಿಲ್ ಜೈಲಿನಲ್ಲಿರಿಸಲು ಕಾನೂನಿನಲ್ಲಿ ಅವಕಾಶವಿದೆ.

3. ಪಾಲಕರ ವಶದಿಂದ ಮಗುವನ್ನು ಒಯ್ದಿದ್ದರೆ, 1890ರ ಕಾಯಿದೆಯ 25ನೇ ಕಲಮಿನಡಿ ಹಿಂದಿರುಗಿಸುವಂತೆ ಕೇಳಬಹುದು. ಅಲ್ಲಿಯೂ ನ್ಯಾಯಾಧೀಶರು ನೋಡುವುದು ಮಗುವಿನ ಹಿತವನ್ನೇ.

4. ಬೇಕೆಂದೇ ಆದೇಶ ಮೀರುವುದು ನ್ಯಾಯಾಂಗ ನಿಂದನೆಯೂ ಹೌದು. 1971ರ ಕಾಯಿದೆಯಂತೆ ಇದಕ್ಕೆ ಆರು ತಿಂಗಳವರೆಗೆ ಸಾದಾ ಸಜೆ, 2,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಆದರೆ ತಾಯಿಯನ್ನೋ ತಂದೆಯನ್ನೋ ಜೈಲಿಗೆ ಕಳುಹಿಸಿದರೆ ನೋವು ಮಗುವಿಗೇ. ಆದುದರಿಂದ ಆಪ್ತಸಲಹೆ, ಭೇಟಿಯ ಸ್ಥಳ ಅಥವಾ ಸಮಯದ ಬದಲಾವಣೆ, ತಪ್ಪಿದ ದಿನಗಳಿಗೆ ಬದಲಿ ದಿನ ಇಂಥ ಪರಿಹಾರಗಳನ್ನೂ ಕೇಳಿರಿ. ಪರಿಸ್ಥಿತಿ ಬದಲಾದರೆ ಮಕ್ಕಳ ಕುರಿತ ಆದೇಶವನ್ನು ನ್ಯಾಯಾಲಯವೂ ಬದಲಾಯಿಸಬಹುದು. ಮಗುವಿಗೆ ಹೊಡೆತ, ಕುಡಿತದ ಕಾಟ ಮುಂತಾದ ನಿಜವಾದ ಅಪಾಯವಿದ್ದರೆ, ಬಾಗಿಲು ಮುಚ್ಚಿ ಸುಮ್ಮನಿರದೆ ತಡಮಾಡದೆ ಅದನ್ನು ನ್ಯಾಯಾಧೀಶರ ಮುಂದಿಡಿ. ಅದೇ ಮಗುವಿಗೂ ನಿಮಗೂ ರಕ್ಷಣೆ.

ಮಾಡಬಾರದ್ದು

ಶಾಲೆಯ ಗೇಟಿನಿಂದ ಮಗುವನ್ನು ಎತ್ತಿಕೊಂಡು ಹೋಗಬೇಡಿ. ನ್ಯಾಯ ನಿಮ್ಮ ಕಡೆಗಿದ್ದರೂ ಅದು ನಿಮ್ಮ ವಿರುದ್ಧವೇ ತಿರುಗುತ್ತದೆ. ಜೀವನಾಂಶ ಬರಲಿಲ್ಲವೆಂದು ಭೇಟಿ ತಡೆಯಬೇಡಿ. ಭೇಟಿ ಸಿಗಲಿಲ್ಲವೆಂದು ಜೀವನಾಂಶ ನಿಲ್ಲಿಸಬೇಡಿ. ಒಂದು ಹೊಟ್ಟೆಯ ಅನ್ನ, ಇನ್ನೊಂದು ಮನಸ್ಸಿನ ಅನ್ನ. ಎರಡೂ ಮಗುವಿಗೆ ಸೇರಿದವು. ಎರಡಕ್ಕೂ ನ್ಯಾಯಾಲಯದಲ್ಲಿ ಬೇರೆ ಬೇರೆ ದಾರಿಯಿದೆ. ಅಪ್ಪನ ಮನೆಯ ಸುದ್ದಿಯನ್ನು ಮಗುವಿನಿಂದ ಕೆದಕಿ ಕೇಳುವುದೂ ಬೇಡ.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಕೈಚೆಲ್ಲಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಆದಾಯ ಕಡಿಮೆಯಿರುವ ಪುರುಷರಿಗೂ ಅವಕಾಶವಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ತಾಲ್ಲೂಕು ಸಮಿತಿಯಲ್ಲಿ ವಿಚಾರಿಸಿರಿ.

ಚಿಂತನೆಗೆ

– ಬೇರೆಯಾದ ದಂಪತಿಗಳ ಮಗುವಿನ ಎದುರು ನಾವು ಅಜ್ಜ ಅಜ್ಜಿ, ಅತ್ತೆ ಮಾವಂದಿರು ಏನು ಮಾತನಾಡುತ್ತೇವೆ?

– ಭೇಟಿಗೆ ಇಬ್ಬರೂ ಒಪ್ಪುವ ಸ್ಥಳ ಸಿಗದಿದ್ದಾಗ, ನಮ್ಮ ಧರ್ಮಕೇಂದ್ರದಲ್ಲಿ ಅದಕ್ಕೊಂದು ಕೊಠಡಿಯನ್ನು ಬಿಟ್ಟುಕೊಡಬಹುದೇ?

– ನಾವು ತಡೆಯುತ್ತಿರುವ ಒಂದು ಭೇಟಿ ಇದ್ದರೆ, ಮುಂದಿನ ಭಾನುವಾರ ಅದನ್ನು ಬಿಟ್ಟುಕೊಡಲು ನಮಗೆ ಮನಸ್ಸಿದೆಯೇ?