ಚಿಲ್ಕಾಗೆ ಹೊರಟ ಪುಟ್ಟಿಗೆ

ಕುವೆಂಪುನಗರ,
ಮೈಸೂರು



ನೇವಿಯ ಅಗ್ನಿವೀರ್ ಪಟ್ಟಿಯಲ್ಲಿ ನಿನ್ನ ಹೆಸರು ಬಂದಿದೆ, ಟ್ರೈನಿಂಗಿಗೆ ಒಡಿಶಾದ ಚಿಲ್ಕಾಗೆ ಹೋಗಬೇಕಂತೆ ಎಂದು ನಿಮ್ಮಮ್ಮ ಫೋನ್ ಮಾಡಿದಳು. ಬಹಳ ಸಂತೋಷ. ಮಾರನೇ ದಿನ ನೀನು ಕೇಳಿದೆಯಲ್ಲ ಒಂದು ಪ್ರಶ್ನೆ, ಅದಕ್ಕೆ ಫೋನಿನಲ್ಲಿ ಉತ್ತರ ಹೇಳಿ ಮುಗಿಸಲು ಮನಸ್ಸಾಗಲಿಲ್ಲ. ಎ.ಎಂ.ಆರ್. ರಮೇಶ್ ಅವರ ‘ಸಯನೈಡ್’ ಸಿನಿಮಾ ನೋಡಿದ ಬಿಸಿಯಲ್ಲಿ ಕೇಳಿದ್ದೆ: "ತಾತ, ಪ್ರಧಾನಿಯಾಗಿದ್ದವರನ್ನೇ ಕೊಂದರು. ಆಗ ನಿಮ್ಮ ನೇವಿ ಏನು ಮಾಡ್ತಿತ್ತು? ಜಾಫ್ನಾ ಮೇಲೆ ಒಂದು ಗುಂಡೂ ಹಾರಿಸಲಿಲ್ವಾ?" ನಿನ್ನ ಓರಗೆಯ ಬೇರೆ ಮಕ್ಕಳ ಬಾಯಲ್ಲೂ ಇದೇ ಮಾತು ಕೇಳಿದ್ದೇನೆ. ಅದಕ್ಕೇ ಈ ಕಾಗದವನ್ನು ಪತ್ರಿಕೆಗೂ ಕೊಡುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ಹಾರಿಸಲಿಲ್ಲ. ಹಾರಿಸದೇ ಇದ್ದದ್ದೇ ಸರಿ. ಆದರೆ ಸುಮ್ಮನೆ ಕೂತಿರಲಿಲ್ಲ.

1991ರ ಮೇ 21ರ ರಾತ್ರಿ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ ಹತರಾದಾಗ ನಾನು ವಿಶಾಖಪಟ್ಟಣದಲ್ಲಿ, ದಡದ ಮೇಲಿನ ಸಿಗ್ನಲ್ ವಿಭಾಗದಲ್ಲಿದ್ದೆ. ಮಾರನೇ ಬೆಳಿಗ್ಗೆ ಎಂಟಕ್ಕೆ ಧ್ವಜ ಏರಿಸುವ ಹೊತ್ತಿಗೆ ಎಲ್ಲರಿಗೂ ಸುದ್ದಿ ಮುಟ್ಟಿತ್ತು. ಶೋಕದ ಧ್ವಜವನ್ನು ನೇರವಾಗಿ ಅರ್ಧಕ್ಕೆ ಕಟ್ಟಿಬಿಡುವಂತಿಲ್ಲ. ಮೊದಲು ತುದಿ ಮುಟ್ಟುವ ತನಕ ಏರಿಸಬೇಕು, ಒಂದು ಗಳಿಗೆ ತಡೆಯಬೇಕು, ಆಮೇಲೆ ನಿಧಾನವಾಗಿ ಅರ್ಧಕ್ಕೆ ಇಳಿಸಬೇಕು. ಸೂರ್ಯಾಸ್ತಕ್ಕೆ ತೆಗೆಯುವಾಗಲೂ ಹಾಗೇ, ಮತ್ತೆ ತುದಿಗೆ ಏರಿಸಿ ಆಮೇಲೆ ಪೂರ್ತಿ ಇಳಿಸುವುದು. ಹಗ್ಗ ಹಿಡಿದವನ ಕೈ ಆತುರಪಡಬಾರದು. ಅದೇ ಹೊತ್ತಿನಲ್ಲಿ ಆಂಧ್ರದ ಹಲವು ಕಡೆ ಜನ ಆ ಕೊಲೆಗೆ ಸಂಬಂಧವೇ ಇಲ್ಲದ ಬೇರೆ ಪಕ್ಷದವರ ಆಸ್ತಿಪಾಸ್ತಿಯ ಮೇಲೆ ತಮ್ಮ ಸಿಟ್ಟು ತೀರಿಸಿಕೊಳ್ಳುತ್ತಿದ್ದರು.

1948ರಲ್ಲಿ ಗಾಂಧೀಜಿಯವರನ್ನು ಕೊಂದಾಗಲೂ ನಮ್ಮ ನಾವಿಕರ ಕೈಗೆ ಬಂದದ್ದು ಹಗ್ಗವೇ. ಅವರ ದೇಹವಿದ್ದ ವಾಹನವನ್ನು ಎಂಜಿನ್ ಚಾಲೂ ಮಾಡದೆ, ಭೂಸೇನೆ, ನೌಕಾಪಡೆ, ವಾಯುಪಡೆಯ 200 ಜನ ದೆಹಲಿಯ ಬೀದಿಗಳಲ್ಲಿ ಎಳೆದುಕೊಂಡು ಹೋದರು. ಅವರ ಚಿತಾಭಸ್ಮದ ಒಂದು ಪಾಲು ನಮ್ಮ ಪಶ್ಚಿಮವಾಹಿನಿಗೂ ಬಂತು. ಶ್ರೀರಂಗಪಟ್ಟಣದ ಬಸ್ಸಿನಲ್ಲಿ ಹೋಗುವಾಗ ಎಷ್ಟು ಸಲ ದಾಟಿದ್ದೀಯೋ, ಒಮ್ಮೆ ಇಳಿದು ನೋಡು.

ಈಗ ಸಮುದ್ರದ ವಿಷಯಕ್ಕೆ ಬರೋಣ. ನಮ್ಮ ಶಾಂತಿಪಾಲನಾ ಪಡೆ 1990ರ ಮಾರ್ಚಿನಲ್ಲಿ ಶ್ರೀಲಂಕಾದಿಂದ ವಾಪಸಾಯಿತು. ಅದೇ ವರ್ಷ ಜೂನ್‌ನಲ್ಲಿ ಪಾಕ್ ಜಲಸಂಧಿಯಲ್ಲಿ ‘ಆಪರೇಷನ್ ತಾಶಾ’ ಎಂಬ ಕಾವಲು ಶುರುವಾಯಿತು. ಅಂದರೆ ಕೊಲೆ ನಡೆಯುವ ಹೊತ್ತಿಗೆ ಅಲ್ಲಿ ಸುಮಾರು ಒಂದು ವರ್ಷದಿಂದ ನೇವಿಯ ಪಹರೆ ಇತ್ತು. ಆದರೂ ಆ ಕೊಲೆ ಮಾಡಿದ ಎಲ್‌ಟಿಟಿಇಯ, ಅಂದರೆ ತಮಿಳು ಹುಲಿಗಳ, ಶಿವರಾಸನ್, ಧನು, ಶುಭಾ ಮತ್ತು ಅವರ ಜೊತೆಯವರು 1991ರ ಮೇ 1ರಂದು ದೋಣಿಯಲ್ಲಿ ಬಂದು ಕೋಡಿಯಕ್ಕರೈ ದಡದಲ್ಲಿ ಇಳಿದರು. ಆ ಸಿನಿಮಾದಲ್ಲಿ ಕಾಣುವುದಕ್ಕೆಲ್ಲ ಮೊದಲ ಬಾಗಿಲು ಅದು. ಕಾದವರ ಕಣ್ಣೆದುರೇ ತೆರೆದ ಬಾಗಿಲು.

ಹೇಗೆ ತಪ್ಪಿಸಿಕೊಂಡು ಬಂದರು ಅಂತ ಕೇಳಬೇಡ, ಹಡಗು ಹತ್ತಿದ ಮೇಲೆ ನಿನಗೇ ಗೊತ್ತಾಗುತ್ತದೆ. ನೀರಿನ ಮಟ್ಟದಿಂದ ಒಂದೆರಡು ಅಡಿ ಎದ್ದಿರುವ ಫೈಬರ್ ದೋಣಿ ರೇಡಾರಿನ ಪರದೆಯಲ್ಲಿ ಚುಕ್ಕೆಯಾಗಿಯೂ ನಿಲ್ಲುವುದಿಲ್ಲ. ಅಲೆಗಳೇ ಸಾವಿರ ಚುಕ್ಕೆ ಮೂಡಿಸುತ್ತವೆ, ಅದರಲ್ಲಿ ದೋಣಿ ಹುಡುಕುವುದು ರಾಗಿ ರಾಶಿಯಲ್ಲಿ ಸಾಸಿವೆ ಕಾಳು ಹುಡುಕಿದ ಹಾಗೆ. ಮೇಲಾಗಿ ಆ ಸಮುದ್ರದ ತುಂಬ ನೂರಾರು ಮೀನುಗಾರರ ದೋಣಿಗಳು. ಹಾಗಾಗಿ ಕೊನೆಗೆ ಉಳಿಯುವುದು ಮನುಷ್ಯರ ಕಣ್ಣು. ನಡುರಾತ್ರಿ ಹನ್ನೆರಡರಿಂದ ನಾಲ್ಕರ ತನಕದ್ದನ್ನು ಮಿಡಲ್ ವಾಚ್ ಅನ್ನುತ್ತಾರೆ. ಆ ಪಾಳಿ ನಿನಗೂ ಬರುತ್ತದೆ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಹತ್ತಿರ ಹತ್ತಿರ ಅರ್ಧ ಗಂಟೆ ಬೇಕು. ಬ್ರಿಡ್ಜಿನಲ್ಲಿ ಕೆಂಪು ದೀಪ ಬಿಟ್ಟು ಬೇರೆ ಬೆಳಕು ಇರಕೂಡದು. ಯಾರೋ ಮೊಬೈಲ್ ತೆಗೆದು ಟೈಮ್ ನೋಡಿದರೆ ಸಾಕು, ಅರ್ಧ ಗಂಟೆ ಹಾಳು. ದಿಟ್ಟಿಸಿ ನೋಡುತ್ತ ನಿಂತರೂ ಏನೂ ಕಾಣಿಸದು. ದಿಗಂತದ ಉದ್ದಕ್ಕೂ ನೋಟವನ್ನು ನಿಧಾನವಾಗಿ ಸರಿಸುತ್ತಿರಬೇಕು. ನಾಲ್ಕು ಗಂಟೆ ಹೀಗೇ, ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಈ ಏನೂ ಆಗದ ನಾಲ್ಕು ಗಂಟೆಗೇ ಪುಟ್ಟಿ, ಸರ್ಕಾರ ನಿನಗೆ ಸಂಬಳ ಕೊಡುವುದು.

ಇದು ನಮ್ಮೊಬ್ಬರ ಪಾಡೂ ಅಲ್ಲ. 1865ರ ಏಪ್ರಿಲ್ 14ರ ಮಧ್ಯಾಹ್ನ ಅಬ್ರಹಾಂ ಲಿಂಕನ್ ಹೆಂಡತಿಯ ಜೊತೆ ವಾಷಿಂಗ್ಟನ್ನಿನ ನೇವಿ ಯಾರ್ಡಿಗೆ ಗಾಡಿಯಲ್ಲಿ ಹೋಗಿ ‘ಮೊಂಟಾಕ್’ ಎಂಬ ಕಬ್ಬಿಣದ ಹೊದಿಕೆಯ ಯುದ್ಧನೌಕೆ ನೋಡಿ ಬಂದಿದ್ದರು. ಅದೇ ರಾತ್ರಿ ನಾಟಕಶಾಲೆಯಲ್ಲಿ ಬೂತ್ ಎಂಬವನು ಲಿಂಕನ್ ಅವರಿಗೆ ಗುಂಡು ಹೊಡೆದ. ಅಮೆರಿಕದ ನೇವಿ ಪೊಟೊಮ್ಯಾಕ್ ನದಿಯಲ್ಲಿ ಪಹರೆ ಬಿಗಿ ಮಾಡಿತು. ಅಷ್ಟು ದೋಣಿಗಳ ನಡುವೆಯೇ ಬೂತ್ ಮತ್ತು ಅವನ ಜೊತೆಗಾರ ಹುಟ್ಟು ಹಾಕುವ ಸಣ್ಣ ದೋಣಿಯಲ್ಲಿ ರಾತ್ರೋರಾತ್ರಿ ನದಿ ದಾಟಿಬಿಟ್ಟರು. ಆಮೇಲೆ ಸಿಕ್ಕಿಬಿದ್ದ ಸಂಚುಕೋರರನ್ನು ಮೊಂಟಾಕ್ ಮತ್ತು ಸಾಗಸ್ ಹಡಗುಗಳಲ್ಲೇ ಕೂಡಿಹಾಕಿದರು. ಏಪ್ರಿಲ್ 27ಕ್ಕೆ ಬೂತ್‌ನ ಶವಪರೀಕ್ಷೆ ನಡೆದದ್ದೂ ಲಿಂಕನ್ ಹತ್ತಿ ಇಳಿದಿದ್ದ ಆ ಮೊಂಟಾಕ್ ಹಡಗಿನ ಮೇಲೆಯೇ.

ನಮ್ಮಲ್ಲಿ ಕೊಲೆಯಾದ ಮೇಲೆ ತಮಿಳುನಾಡು ಕರಾವಳಿಯ ಕಾವಲು ಬಿಗಿಯಾಯಿತು. ನೇವಿ, ಕೋಸ್ಟ್ ಗಾರ್ಡ್, ಪೊಲೀಸರು ಎಲ್ಲರೂ ಸೇರಿ ಸಮುದ್ರದ ದಾರಿ ಮುಚ್ಚಿದರು. ಜಾಫ್ನಾಗೆ ವಾಪಸು ಹೋಗಲಾಗದೆ ಶಿವರಾಸನ್ ಒಳನಾಡಿಗೆ ತಿರುಗಿದ. ಖಾಲಿ ನೀರಿನ ಟ್ಯಾಂಕರಿನೊಳಗೆ ಕೂತು ಮದ್ರಾಸಿನಿಂದ ಬೆಂಗಳೂರಿಗೆ ಬಂದ. ವಿಶೇಷ ತನಿಖಾ ತಂಡದ ಮುಖ್ಯಸ್ಥ ಡಿ.ಆರ್. ಕಾರ್ತಿಕೇಯನ್ ನಮ್ಮ ಕರ್ನಾಟಕ ಕೇಡರಿನ ಅಧಿಕಾರಿಯೇ. ಆಗಸ್ಟ್‌ನಲ್ಲಿ ನಮ್ಮ ಪಕ್ಕದ ಮಂಡ್ಯ ಜಿಲ್ಲೆಯ ಮುತ್ತತ್ತಿಯಲ್ಲಿ ಅಡಗಿದ್ದ ಹುಲಿಗಳು ಪೊಲೀಸರು ಬಂದಾಗ ಸಯನೈಡ್ ಕಚ್ಚಿದರು. ಆಗಸ್ಟ್ 20ರ ಬೆಳಗಿನ ಜಾವ ಕೋಣನಕುಂಟೆಯ ಮನೆಗೆ ಕಮಾಂಡೊಗಳು ನುಗ್ಗಿದಾಗ ಸಿಕ್ಕಿದ್ದು ಶಿವರಾಸನ್, ಶುಭಾ ಸೇರಿ ಏಳು ಜನರ ಹೆಣ. ಅವತ್ತು ರಾಜೀವ್ ಗಾಂಧಿಯವರ ಹುಟ್ಟಿದ ದಿನ. ಸಿನಿಮಾದಲ್ಲಿ ಆ ಮನೆ ಇದೆ, ಪೊಲೀಸರಿದ್ದಾರೆ. ಆ ಮನೆಯ ತನಕ ಅವರನ್ನು ತಳ್ಳಿದ ಸಮುದ್ರದ ಪಹರೆ ಎಲ್ಲೂ ಇಲ್ಲ. ಏನೂ ಆಗದ ರಾತ್ರಿಗಳನ್ನು ಯಾರು ತಾನೆ ಸಿನಿಮಾ ಮಾಡುತ್ತಾರೆ?

ಇನ್ನು ನಿನ್ನ ಪ್ರಶ್ನೆಯೊಳಗೆ ಇದ್ದ ಸಿಟ್ಟಿನ ಮಾತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಅದನ್ನು ಟ್ರಂಕಿನಲ್ಲಿಟ್ಟುಕೊಂಡು ಚಿಲ್ಕಾಗೆ ಹೋಗಬೇಡ. ಯಾಕೆ ಅಂತ ಒಬ್ಬ ನಾವಿಕನ ಕಥೆಯಿಂದಲೇ ಹೇಳುತ್ತೇನೆ. 1987ರ ಜುಲೈ 29ರಂದು ಕೊಲಂಬೊದಲ್ಲಿ ಭಾರತ–ಶ್ರೀಲಂಕಾ ಒಪ್ಪಂದಕ್ಕೆ ಸಹಿ ಬಿತ್ತು. ಮಾರನೇ ದಿನ ರಾಜೀವ್ ಗಾಂಧಿ ಹೊರಡುವ ಮುಂಚೆ ಅಲ್ಲಿನ ನೌಕಾಪಡೆಯ ಗೌರವ ರಕ್ಷೆಯ ಮುಂದೆ ನಡೆದು ಬರುತ್ತಿದ್ದರು. ಸಾಲಿನಲ್ಲಿ ನಿಂತಿದ್ದ ವಿಜಿತ ರೋಹಣ ಎಂಬ ನಾವಿಕ ಬಂದೂಕನ್ನು ತಿರುಗಿಸಿ ಹಿಡಿದು, ಹಿಡಿಕೆಯಿಂದ ಅವರ ತಲೆಗೆ ಗುರಿಯಿಟ್ಟು ಬೀಸಿದ. ಅವರು ಬಗ್ಗಿದ್ದರಿಂದ ಪೆಟ್ಟು ಭುಜಕ್ಕೆ ಬಿತ್ತು. ಫೋಟೊ ಲೋಕವೆಲ್ಲ ನೋಡಿದೆ, ನೀನೂ ನೋಡಿರುತ್ತೀಯ. ಕೋರ್ಟ್ ಮಾರ್ಷಲ್ ಆಗಿ ಆರು ವರ್ಷ ಶಿಕ್ಷೆಯಾಯಿತು, ಅದು ಮುಗಿಯುವ ಮುಂಚೆಯೇ ಕ್ಷಮಾದಾನವೂ ಸಿಕ್ಕಿತು. ಕೆಲವರು ಅವನನ್ನು ದೇಶಭಕ್ತ ಅಂದರು. ನನ್ನ ಕೇಳಿದರೆ, ಅತಿಥಿಯ ರಕ್ಷಣೆಗೆ ಅಂತ ಕೈಗೆ ಕೊಟ್ಟ ಬಂದೂಕನ್ನು ತನ್ನ ಸ್ವಂತ ಕೋಪಕ್ಕೆ ಬಳಸಿದವನಿಗೆ ಆ ಹೆಸರು ಒಪ್ಪುವುದಿಲ್ಲ. ಅವನ ಪಕ್ಕದಲ್ಲಿ ನಿಂತವರಿಗೂ ಆ ಒಪ್ಪಂದದ ಮೇಲೆ ಸಿಟ್ಟು ಇದ್ದಿರಬಹುದು. ಅವರು ಅಟೆನ್ಷನ್‌ನಲ್ಲೇ ನಿಂತಿದ್ದರು.

ಸಿಟ್ಟಿಗೆ ಕಣ್ಣಿಲ್ಲ ಅನ್ನುವುದನ್ನು ಅದೇ 1991ರಲ್ಲಿ ನಮ್ಮೂರಲ್ಲೇ ಕಂಡೆ. ಡಿಸೆಂಬರಿನಲ್ಲಿ ರಜೆಗೆ ಬಂದಿದ್ದೆ. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಗೆಜೆಟ್‌ನಲ್ಲಿ ಬಂದದ್ದೇ ತಡ, ಬೆಂಗಳೂರು, ಮೈಸೂರು ಕಡೆ ತಮಿಳರ ಮೇಲೆ ಹಲ್ಲೆ ಶುರುವಾಯಿತು. ನಮ್ಮ ಬೀದಿಯಲ್ಲಿ ಇಸ್ತ್ರಿ ಹಾಕುತ್ತಿದ್ದ ಮುದುಕ ಗಾಡಿಯನ್ನು ನಮ್ಮ ಕಾಂಪೌಂಡಿನೊಳಗೆ ತಳ್ಳಿ, ಅರ್ಧ ಇಸ್ತ್ರಿಯಾದ ಬಟ್ಟೆ ಮಡಿಸುತ್ತಲೇ ಕೂತಿದ್ದ, ಕೈ ನಡುಗುತ್ತಿತ್ತು. ನೀರು ಬಿಡುವ ಆದೇಶ ಬರೆದವನು ಅವನಲ್ಲ, ಶ್ರೀಪೆರಂಬುದೂರಿಗೆ ಬಾಂಬು ಒಯ್ದವನೂ ಅವನಲ್ಲ. ಜಾಫ್ನಾ ಮೇಲೆ ಗುಂಡು ಹಾರಿಸಿದ್ದರೆ ಬೀಳುತ್ತಿದ್ದದ್ದು ಇಂಥವರ ಮೇಲೆಯೇ.

1991ರಲ್ಲಿ ನೌಕಾಪಡೆಯ ಮುಖ್ಯಸ್ಥರಾಗಿದ್ದವರು ಅಡ್ಮಿರಲ್ ಎಲ್. ರಾಮದಾಸ್. ನಿವೃತ್ತರಾದ ಮೇಲೆ ಭಾರತ–ಪಾಕಿಸ್ತಾನದ ಜನರ ನಡುವೆ ಸ್ನೇಹ ಬೆಳೆಸುವ ಕೆಲಸಕ್ಕೆ ಇಳಿದು 2004ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ನಮ್ಮಲ್ಲಿ ಕೆಲವರು ಅದಕ್ಕೆ ಮೂಗು ಮುರಿದರು. ನನಗಂತೂ ಅವರ ಮೇಲಿನ ಗೌರವ ಹೆಚ್ಚಾಯಿತು.

ಹಾಗಂತ ನೇವಿ ಬರೀ ಕಾದು ಕೂತಿತ್ತು ಅಂದುಕೊಳ್ಳಬೇಡ. 1992ರ ಮೇ ತಿಂಗಳಲ್ಲಿ ಸರ್ಕಾರ ಎಲ್‌ಟಿಟಿಇಯನ್ನು ನಿಷೇಧಿಸಿತು. 1993ರ ಜನವರಿಯಲ್ಲಿ ಬಂಗಾಳ ಕೊಲ್ಲಿಯ ಆಳಸಮುದ್ರದಲ್ಲಿ ‘ಅಹತ್’ ಎಂಬ ಅವರ ಹಡಗನ್ನು ಕೋಸ್ಟ್ ಗಾರ್ಡಿನ ‘ವಿವೇಕ್’, ನೇವಿಯ ‘ಕಿರ್ಪಾಣ್’ ಮತ್ತು ‘ಸಾವಿತ್ರಿ’ ತಡೆದವು. ಒಳಗಿದ್ದವನು ಹುಲಿಗಳ ದೊಡ್ಡ ನಾಯಕ ಕಿಟ್ಟು. ಮದ್ರಾಸ್ ಕಡೆ ಕರೆತರುವಾಗ ಜನವರಿ 16ರಂದು ಹಡಗು ಸ್ಫೋಟಗೊಂಡು ಮುಳುಗಿತು, ಕಿಟ್ಟು ಮತ್ತು ಅವನ ಸಂಗಡಿಗರು ಸತ್ತರು. ಅವನು ಶಾಂತಿ ಪ್ರಸ್ತಾಪ ತರುತ್ತಿದ್ದ, ಅಂತರರಾಷ್ಟ್ರೀಯ ಸಮುದ್ರದಲ್ಲಿ ಅಡ್ಡಗಟ್ಟಿದ್ದೇ ತಪ್ಪು ಅಂತ ಅವರ ಕಡೆಯವರು ವಾದಿಸಿದರು. ನೀರಿಗೆ ಬಿದ್ದ ಒಂಬತ್ತು ಸಿಬ್ಬಂದಿಯನ್ನು ನಮ್ಮವರು ಮೇಲೆತ್ತಿದರು, ಆಮೇಲೆ ವಿಶಾಖಪಟ್ಟಣದಲ್ಲಿ ಮೊಕದ್ದಮೆ ನಡೆಯಿತು. ಶತ್ರುವಿನ ಕಡೆಯವನಾದರೂ ಮುಳುಗುತ್ತಿರುವವನನ್ನು ಎತ್ತಲೇಬೇಕು, ಇದರಲ್ಲಿ ಚರ್ಚೆಯಿಲ್ಲ.

ಆದರೆ ಅದೇ ಜನವರಿಯಲ್ಲಿ, ಪಶ್ಚಿಮದಲ್ಲಿ, ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ದಿಘಿಯಲ್ಲಿ ಬೇರೆ ಸರಕು ಇಳಿಯಿತು. ಫೆಬ್ರುವರಿಯಲ್ಲಿ ಶೇಖಾಡಿಯಲ್ಲಿ ಮತ್ತಷ್ಟು. ಕಸ್ಟಮ್ಸ್‌ನ ಕೆಲವರು ದುಡ್ಡು ತಿಂದು ಕಣ್ಣು ಮುಚ್ಚಿದ್ದರು. ಮಾರ್ಚ್ 12ಕ್ಕೆ ಮುಂಬಯಿಯಲ್ಲಿ ಸರಣಿ ಸ್ಫೋಟವಾಗಿ 257 ಜನ ಸತ್ತರು. ಆಮೇಲೆ ಆ ಕಡೆಗೆ ‘ಆಪರೇಷನ್ ಸ್ವಾನ್’ ಪಹರೆ ಬಂತು. ಹಳೆಯ ಗಾಯದ ಕಡೆಗೇ ನೋಡುತ್ತ ಕೂತರೆ ಬೆನ್ನ ಹಿಂದಿನದು ಕಾಣುವುದಿಲ್ಲ, ನನಗೆ ಈ ಜನವರಿ ತಿಂಗಳು ಇಂದಿಗೂ ಚುಚ್ಚುತ್ತದೆ. 2008ರ ನವೆಂಬರಿನಲ್ಲಿ ಹತ್ತು ಜನ ಉಗ್ರರು ‘ಕುಬೇರ್’ ಎಂಬ ಮೀನುಗಾರಿಕೆ ದೋಣಿಯನ್ನು ವಶಮಾಡಿಕೊಂಡು ಮುಂಬಯಿ ಮೇಲೆ ದಾಳಿಗೆ ಬಂದಾಗಲೂ ದಾರಿ ಸಮುದ್ರದ್ದೇ.

ಆದ್ದರಿಂದ ಮೀನುಗಾರರ ವಿಷಯ ಚೆನ್ನಾಗಿ ಕೇಳಿಸಿಕೋ. ನಿನ್ನನ್ನು ಒಂದಲ್ಲ ಒಂದು ದಿನ ಬೋರ್ಡಿಂಗ್ ಪಾರ್ಟಿಯಲ್ಲಿ ಹಾಕುತ್ತಾರೆ. ದೋಣಿ ತಡೆದು ಹತ್ತಿ ಕಾಗದಪತ್ರ, ಐಸ್ ಪೆಟ್ಟಿಗೆ, ಬಲೆಯ ಕೆಳಗೆ, ಎಲ್ಲ ನೋಡಬೇಕು. ರಾತ್ರಿಯೆಲ್ಲ ನಿದ್ದೆಗೆಟ್ಟು ಬಲೆ ಎಳೆದವರು ಎದುರಿಗಿರುತ್ತಾರೆ. ವಯಸ್ಸಾದವರನ್ನು ‘ನೀವು’ ಅಂತಲೇ ಮಾತಾಡಿಸು, ತಮಿಳಿನ ಹತ್ತು ಮಾತು ಕಲಿ, ತುಳು ಕೊಂಕಣಿಯ ಹತ್ತು ಮಾತು ಕಲಿ. ತೆಗೆದು ನೋಡಿದ್ದನ್ನು ಇದ್ದ ಜಾಗದಲ್ಲೇ ಇಡು. ಯಾವ ದೋಣಿ ಈ ಊರಿನದಲ್ಲ, ಯಾವ ಎಂಜಿನ್ನಿನ ಸದ್ದು ಹೊಸದು ಅನ್ನುವುದು ಅವರಿಗೆ ತಿಳಿದಷ್ಟು ನಮ್ಮ ಯಾವ ಯಂತ್ರಕ್ಕೂ ತಿಳಿಯದು. ಮರ್ಯಾದೆ ಕಳೆದುಕೊಂಡವರು ಬಂದು ನಿನಗೆ ಸುಳಿವು ಕೊಡುತ್ತಾರೆಯೇ?

ಕಾರವಾರಕ್ಕೆ ಪೋಸ್ಟಿಂಗ್ ಆದರೆ ಅದೃಷ್ಟ, ಊರಿಗೂ ಹತ್ತಿರ. ಆ ನೆಲೆಗೆ 1986ರ ಅಕ್ಟೋಬರ್ 24ರಂದು ಅಡಿಗಲ್ಲು ಇಟ್ಟವರು ರಾಜೀವ್ ಗಾಂಧಿಯವರೇ. ಆಮೇಲೆ ದುಡ್ಡಿನ ಮುಗ್ಗಟ್ಟು. ಕೆಲಸ ಕುಂಟುತ್ತ ಸಾಗಿ 2005ರ ಮೇ 31ಕ್ಕೆ ಐಎನ್‌ಎಸ್ ಕದಂಬ ಸೇವೆಗೆ ಬಂತು. ಕಲ್ಲಿಟ್ಟವರು ಹೋಗಿ ಹದಿನಾಲ್ಕು ವರ್ಷವಾಗಿತ್ತು. ಅವರನ್ನು ನೆನೆಯಬೇಕು ಅನ್ನಿಸಿದರೆ ಪ್ರತೀಕಾರದ ಸಿನಿಮಾಕ್ಕಿಂತ ಆ ಬಂದರು ನನಗೆ ಹೆಚ್ಚು ಇಷ್ಟ. ಅದೂ ಪುಕ್ಕಟೆ ಬಂದದ್ದಲ್ಲ. ಅರ್ಗಾ, ಚೆಂಡಿಯಾ, ತೋಡೂರು, ಅಮದಳ್ಳಿ ಕಡೆಯ ರೈತರು, ಮೀನುಗಾರರು ಗದ್ದೆ, ಮನೆ, ದೋಣಿ ನಿಲ್ಲಿಸುವ ದಡ ಬಿಟ್ಟುಕೊಟ್ಟರು. ಪರಿಹಾರಕ್ಕೆ ಅವರು ವರ್ಷಗಟ್ಟಲೆ ಅಲೆದರು. ಗೇಟಿನ ಹೊರಗೆ ಚಹಾ ಕುಡಿಯುವಾಗ ಪಕ್ಕದಲ್ಲಿ ಕೂತವರು ಅವರ ಮಕ್ಕಳೋ ಮೊಮ್ಮಕ್ಕಳೋ ಆಗಿರಬಹುದು. ಯೂನಿಫಾರ್ಮಿನ ಗತ್ತು ಅಲ್ಲಿ ಬೇಡ.

ನಿನಗೆ ಐಎನ್‌ಎಸ್ ಮೈಸೂರು ಹಡಗೇ ಸಿಗಲಿ ಅಂತ ನಿಮ್ಮಜ್ಜಿಯ ಹರಕೆ. ಲಾಂಛನದಲ್ಲಿ ನಮ್ಮ ಗಂಡಭೇರುಂಡ ಇದೆ ಅಂತ ಹೇಳಿದ್ದೇ ತಪ್ಪಾಯಿತು, ಚಾಮುಂಡಿಬೆಟ್ಟಕ್ಕೆ ಹೋದಾಗಲೆಲ್ಲ ಅದೇ ಬೇಡಿಕೆ. ಡ್ರಾಫ್ಟಿಂಗ್ ಆಫೀಸಿನವರು ಅಜ್ಜಿಯ ಮಾತು ಕೇಳುವುದಿಲ್ಲ ಅಂತ ಹೇಳಿ ಸಾಕಾಗಿದೆ.

ಆಮೇಲೆ, ನಿನಗೆ ಈಜು ಇನ್ನೂ ಸರಿಯಾಗಿ ಬರುವುದಿಲ್ಲ ಅಂತ ನಿಮ್ಮಮ್ಮ ಹೇಳಿದಳು. ಚಿಲ್ಕಾದಲ್ಲಿ ಈಜು ಬರದವರನ್ನು ಉಳಿದವರು ಆಟವಾಡುವ ಹೊತ್ತಿನಲ್ಲಿ ಕೊಳಕ್ಕೆ ಅಟ್ಟುತ್ತಾರೆ. ಸರಸ್ವತಿಪುರಂನ ಯೂನಿವರ್ಸಿಟಿ ಈಜುಕೊಳಕ್ಕೆ ನಾಳೆಯಿಂದಲೇ ಹೋಗು, ಫೀಸು ನಾನು ಕಟ್ಟುತ್ತೇನೆ. ಭಾನುವಾರ ಬಂದು ದುಡ್ಡು ತೆಗೆದುಕೊಂಡು ಹೋಗು, ಅಜ್ಜಿ ಹೇಗೂ ಕೋಡುಬಳೆ ಕರಿಯುತ್ತಾಳಂತೆ.

ಇಂತಿ,
ನಿನ್ನ ತಾತ