ಸಿದ್ಧ ಲೂಪು, ಸ್ವಂತ ಕೃತಿ: ಕಾವ್ಯಮೀಮಾಂಸೆಯ ಬೆಳಕಿನಲ್ಲಿ ಒಂದು ವಿಚಾರ



ಕಳೆದ ವರ್ಷದ ಸ್ನೇಹಸಮ್ಮೇಳನದಲ್ಲಿ ಸ್ವರಚಿತ ಗೀತಗಾಯನದ ಸ್ಪರ್ಧೆ ನಡೆದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ನಿರ್ಣಾಯಕರಲ್ಲಿ ನಾನೂ ಒಬ್ಬನಾಗಿದ್ದೆ. ದ್ವಿತೀಯ ವರ್ಷದ ಒಬ್ಬ ವಿದ್ಯಾರ್ಥಿ, ಕಬ್ಬು ಕಡಿಯಲು ಗುಳೆ ಹೋದ ತಾಯಿಯನ್ನು ನೆನೆದು ಬರೆದ ಹಾಡನ್ನು ಹಾಡಿದ. ಹಿನ್ನೆಲೆಯ ತಾಳವನ್ನು ಅವನು ಮೊಬೈಲಿನಲ್ಲಿಯೇ ಜೋಡಿಸಿದ್ದ. ಹಲಗಿಯ ಬಡಿತವೊಂದು ಮತ್ತೆ ಮತ್ತೆ ಆವರ್ತಿಸುತ್ತಿತ್ತು. ಅದು ಸಿದ್ಧ ಲೂಪು ಎಂಬುದು ತಿಳಿದೊಡನೆ ನಾನು ಅಂಕ ಕಡಿಮೆ ಮಾಡಿದೆ. 'ತಾಳ ಸ್ವಂತದ್ದಲ್ಲ' ಎಂದು ಹಾಳೆಯ ಅಂಚಿನಲ್ಲಿ ಬರೆದೆ. ಅವನಿಗೆ ಬಹುಮಾನ ಬರಲಿಲ್ಲ.

ಮರುದಿನ ಆ ವಿದ್ಯಾರ್ಥಿ ವಿಭಾಗಕ್ಕೆ ಬಂದು ಬಾಗಿಲಲ್ಲಿಯೇ ನಿಂತ. "ಸರ್, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಭಾಮಿನಿ ಷಟ್ಪದಿ ಕುಮಾರವ್ಯಾಸ ತಾನೇ ಮಾಡಿದ್ದೇನ್ರಿ?" ಎಂದ. ಅಲ್ಲವೆಂದೆ. "ಹಂಗಾದ್ರ ಅವನ ಅಂಕಾನೂ ಕಡಿಮಿ ಮಾಡಬೇಕಲ್ರಿ" ಎಂದು ಹೇಳಿ ಹೋದ. ಅಂದು ನನ್ನ ಬಳಿ ಉತ್ತರವಿರಲಿಲ್ಲ. ಈ ಪಾಠವು ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

1. ಲೂಪು ಎಂದರೇನು?

ಧ್ವನಿಮುದ್ರಿತವಾದ ಒಂದು ಕಿರುತುಣುಕನ್ನು ಕೊನೆಯಿಂದ ಮತ್ತೆ ಮೊದಲಿಗೆ ಜೋಡಿಸಿ, ಬೇಕಾದಷ್ಟು ಸಲ ಆವರ್ತಿಸುವಂತೆ ಮಾಡಿದರೆ ಅದು ಲೂಪು. 1948ರಲ್ಲಿ ಪ್ಯಾರಿಸ್ಸಿನ ಆಕಾಶವಾಣಿಯಲ್ಲಿ ಕೆಲಸ ಮಾಡುತ್ತಿದ್ದ ಪಿಯೆರ್ ಶೆಫೆರ್ ರೈಲುಬಂಡಿಯ ಸದ್ದುಗಳನ್ನು ಮುದ್ರಿಸಿ ಸಂಗೀತಕೃತಿಯೊಂದನ್ನು ರಚಿಸಿದನು. ಗ್ರಾಮಫೋನು ತಟ್ಟೆಯ ಗೆರೆಯನ್ನು ವರ್ತುಲವಾಗಿ ಮುಚ್ಚಿ, ಒಂದೇ ಸದ್ದು ಮರಳಿ ಮರಳಿ ಕೇಳುವಂತೆ ಮಾಡುವುದು ಅವನ ಉಪಾಯಗಳಲ್ಲಿ ಒಂದು. ಮುಂದೆ ಟೇಪು ಬಂದಾಗ ಅದರ ಎರಡು ತುದಿಗಳನ್ನು ಅಂಟಿಸಿ ಸುತ್ತಿಸುವ ಕ್ರಮ ಬಂತು. 1977ರ 'ಸ್ಟೇಯಿನ್ ಅಲೈವ್' ಎಂಬ ಪ್ರಸಿದ್ಧ ಗೀತೆಯ ಮುದ್ರಣದ ವೇಳೆ ಬೀ ಜೀಸ್ ತಂಡದ ಡ್ರಮ್ ವಾದಕನು ಮನೆಯ ಕಾರಣದಿಂದ ಹೋಗಬೇಕಾಯಿತು. ಉಳಿದವರು ಅದೇ ತಂಡದ 'ನೈಟ್ ಫೀವರ್' ಗೀತೆಯಲ್ಲಿ ಅವನೇ ನುಡಿಸಿದ್ದ ಒಂದು ತುಣುಕನ್ನು ಟೇಪಿನಿಂದ ಕತ್ತರಿಸಿ ಸುತ್ತಿಸಿದರು. ಧ್ವನಿಮುದ್ರಿಕೆಯ ಮೇಲೆ ವಾದಕನ ಹೆಸರೆಂದು 'ಬರ್ನಾರ್ಡ್ ಲೂಪ್' ಎಂದು ವಿನೋದವಾಗಿ ಅಚ್ಚುಹಾಕಿಸಿದರು. ಅಂಥ ವ್ಯಕ್ತಿ ಯಾರೂ ಇರಲಿಲ್ಲ.

ಇಂದು ಟೇಪು ಕತ್ತರಿಸುವ ಶ್ರಮವಿಲ್ಲ. ಸಾವಿರಾರು ಲೂಪುಗಳು ತಂತ್ರಾಂಶದೊಡನೆಯೇ ಸಿದ್ಧವಾಗಿ ಬರುತ್ತವೆ. ಪ್ರಶ್ನೆ ಹುಟ್ಟುವುದು ಇಲ್ಲಿಯೇ: ಯಾರೋ ನುಡಿಸಿಟ್ಟದ್ದನ್ನು ಎತ್ತಿಕೊಂಡು ಮಾಡಿದ ಹಾಡು 'ನನ್ನ ಕೃತಿ' ಆದೀತೆ?

2. ಅಚ್ಚು ಮತ್ತು ಎರಕ

ಮೊದಲು ಷಟ್ಪದಿಯ ಮಾತು. ಭಾಮಿನಿಯ 1, 2, 4 ಮತ್ತು 5ನೆಯ ಪಾದಗಳಲ್ಲಿ 3+4+3+4ರಂತೆ 14 ಮಾತ್ರೆಗಳು. 3 ಮತ್ತು 6ನೆಯ ಪಾದಗಳಲ್ಲಿ 3+4+3+4+3+4, ಮೇಲೊಂದು ಗುರು, ಒಟ್ಟು 23 ಮಾತ್ರೆಗಳು. ಇಡೀ ಪದ್ಯಕ್ಕೆ 102 ಮಾತ್ರೆ. ಕುಮಾರವ್ಯಾಸನು ತನ್ನ ಭಾರತದುದ್ದಕ್ಕೂ ಈ ಒಂದೇ ಆವರ್ತನವನ್ನು ನಡೆಸಿದ್ದಾನೆ. ಅವನಿಗಿಂತ ಮೊದಲೇ, 1369ರಲ್ಲಿ, ಭೀಮಕವಿಯು ಬಸವಪುರಾಣವನ್ನು ಇದೇ ಛಂದಸ್ಸಿನಲ್ಲಿ ಬರೆದಿದ್ದನು. ಕುಮಾರವ್ಯಾಸನು ಸಿದ್ಧವಾಗಿದ್ದ ಅಚ್ಚನ್ನೇ ಎತ್ತಿಕೊಂಡನು. ಆದರೂ ಭೀಮಕವಿಯ ನಡೆಗೂ ಅವನ ನಡೆಗೂ ಇರುವ ಅಂತರ ಎರಡು ಪದ್ಯಗಳನ್ನು ಗಟ್ಟಿಯಾಗಿ ಓದಿದವರಿಗೆ ತಿಳಿಯುತ್ತದೆ.

ಹಿಂದುಸ್ತಾನಿ ಸಂಗೀತದಲ್ಲಿಯೂ ಇಂಥದೇ ವ್ಯವಸ್ಥೆಯುಂಟು. ತಬಲಾ ಸೋಲೋ ಕೇಳಿದವರು ಗಮನಿಸಿರಬಹುದು: ಹಾರ್ಮೋನಿಯಂ ಅಥವಾ ಸಾರಂಗಿಯವರು ತೀನತಾಲದ 16 ಮಾತ್ರೆಗಳಲ್ಲಿ ಕೂರುವ ಒಂದು ಚಿಕ್ಕ ಸ್ವರಪಂಕ್ತಿಯನ್ನು ಬದಲಿಸದೆ ನುಡಿಸುತ್ತಲೇ ಇರುತ್ತಾರೆ. ಅದಕ್ಕೆ ಲೆಹರಾ ಅಥವಾ ನಗಮಾ ಎಂದು ಹೆಸರು. ತಬಲಾವಾದಕನ ಪ್ರತಿಭೆ ಕಾಣುವುದು ಆ ಸ್ಥಿರತೆಯ ಮೇಲೆ. ಲೆಹರಾ ಬದಲಾಗುತ್ತಿದ್ದರೆ ಕೇಳುಗನಿಗೆ ಸಮ್ ಎಲ್ಲಿದೆಯೆಂಬುದೇ ತಪ್ಪಿಹೋದೀತು. ಆದುದರಿಂದ ಆವರ್ತನ ಎಂಬುದಾಗಲಿ, ಸಿದ್ಧರೂಪ ಎಂಬುದಾಗಲಿ ತನ್ನಷ್ಟಕ್ಕೆ ದೋಷವಲ್ಲ. ನಾನು ಅಂಕ ಕಳೆದಾಗ ಮರೆತದ್ದು ಇದನ್ನೇ.

ಆದರೆ ವಿದ್ಯಾರ್ಥಿಯ ವಾದದಲ್ಲಿಯೂ ಒಂದು ಎಡೆ ಬಿಟ್ಟುಹೋಗಿದೆ. ಛಂದಸ್ಸು ಬರಿಯ ಅಳತೆ. ಅದರೊಳಗೆ ಒಂದು ಶಬ್ದವೂ ಇಲ್ಲ. ಲೂಪು ಅಳತೆಯಷ್ಟೇ ಅಲ್ಲ, ತುಂಬಿದ ಎರಕ. ಅದರಲ್ಲಿ ಒಬ್ಬ ಮನುಷ್ಯನ ಬೆರಳಿನ ಒತ್ತು, ಅವನ ಹಲಗಿಯ ಚರ್ಮದ ಬಿಗಿ, ಅಂದಿನ ಅವನ ಲಯ ಸೇರಿವೆ. ಭಾಮಿನಿಯನ್ನು ಬಳಸುವುದು ಒಂದು. ಇನ್ನೊಬ್ಬ ಕವಿಯ ಇಡೀ ಪಾದವನ್ನೇ ಎತ್ತಿ ನಮ್ಮ ಪದ್ಯದಲ್ಲಿಡುವುದು ಇನ್ನೊಂದು. ಲೂಪು ಎರಡನೆಯದಕ್ಕೆ ಹತ್ತಿರವಾದುದು. ಆದುದರಿಂದ ಛಂದಶ್ಶಾಸ್ತ್ರದಿಂದ ಈ ಪ್ರಶ್ನೆ ಬಗೆಹರಿಯದು, ಕಾವ್ಯಮೀಮಾಂಸೆಗೆ ಹೋಗಬೇಕು.

3. ಸಂವಾದದ ಮೂರು ಬಗೆ

ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ದ್ಯೋತದಲ್ಲಿ ಕವಿಕವಿಗಳ ನಡುವಣ ಹೋಲಿಕೆಯನ್ನು 'ಸಂವಾದ' ಎಂದು ಕರೆದು ಮೂರು ಬಗೆ ಮಾಡಿದ್ದಾನೆ. ಕನ್ನಡಿಯ ಬಿಂಬದಂತಿರುವುದು ಪ್ರತಿಬಿಂಬಕಲ್ಪ. ಅದಕ್ಕೆ ತನ್ನದೇ ಆತ್ಮವಿಲ್ಲ. ಚಿತ್ರದಂತಿರುವುದು ಆಲೇಖ್ಯಪ್ರಖ್ಯ, ಅದಕ್ಕೆ ಆತ್ಮವಿದ್ದರೂ ತುಚ್ಛವಾದುದು. ರೂಪದಲ್ಲಿ ಹೋಲುವ ಇಬ್ಬರು ಮನುಷ್ಯರಂತಿರುವುದು ತುಲ್ಯದೇಹಿ. ಅಲ್ಲಿ ಮುಖ ಹೋಲಿದರೂ ಜೀವ ಬೇರೆ. ಮೊದಲೆರಡನ್ನು ಕವಿಯು ಬಿಡಬೇಕು, ಮೂರನೆಯದನ್ನು ಬಿಡಬೇಕಾಗಿಲ್ಲ ಎಂಬುದು ಅವನ ನಿರ್ಣಯ.

ಇದನ್ನು ಲೂಪಿಗೆ ಅನ್ವಯಿಸಿ ನೋಡೋಣ. ಡ್ರಮ್, ತಂತಿವಾದ್ಯ, ಕೊಳಲು ಎಲ್ಲವೂ ಒಂದೇ ಸಂಗ್ರಹದ ಲೂಪುಗಳು. ಅವನ್ನು ಒಂದರ ಮೇಲೊಂದು ಪೇರಿಸಿ ಹೆಸರಿಟ್ಟರೆ ಅದು ಪ್ರತಿಬಿಂಬ. ಅದೇ ಸಂಗ್ರಹವುಳ್ಳ ಬೇರೆಯವನ ಕೈಯಲ್ಲಿ ಅದೇ ಹಾಡು ಹುಟ್ಟೀತು. ವೇಗವನ್ನು ಕೊಂಚ ಏರಿಸಿ, ಶ್ರುತಿಯನ್ನು ಕೊಂಚ ಇಳಿಸಿ, ಗುರುತು ಸಿಗದಂತೆ ಬಣ್ಣ ಬಳಿದರೆ ಆಲೇಖ್ಯ. ಹಾಡಿನ ಭಾವವೇ ಒಂದು ಲೂಪನ್ನು ಬೇಡಿ, ಆ ಲೂಪು ಅಲ್ಲಿ ಬಂದು ಹಿಂದೆಂದೂ ಇಲ್ಲದ ಅರ್ಥವನ್ನು ಪಡೆದರೆ ತುಲ್ಯದೇಹಿ.

ಒಂದು ನಿದರ್ಶನ. 2007ರಲ್ಲಿ ರಿಹಾನಾ ಹಾಡಿದ 'ಅಂಬ್ರೆಲಾ' ಗೀತೆಯ ಡ್ರಮ್ ಬಡಿತವು ಆಪಲ್ ಕಂಪನಿಯ ಗ್ಯಾರೇಜ್‌ಬ್ಯಾಂಡ್ ತಂತ್ರಾಂಶದಲ್ಲಿದ್ದ 'ವಿಂಟೇಜ್ ಫಂಕ್ ಕಿಟ್ 03' ಎಂಬ ಸಿದ್ಧ ಲೂಪು. ಆ ತಂತ್ರಾಂಶವಿದ್ದ ಪ್ರತಿಯೊಬ್ಬರ ಬಳಿಯೂ ಆ ಲೂಪು ಇತ್ತು. ಆದರೂ ಆ ಹಾಡು ಮೂಡಿದ್ದು ಒಂದೇ ಕಡೆ. ವಿಕ್ರಮಾರ್ಜುನ ವಿಜಯವನ್ನು ಓದಿದ ನಮಗೆ ಇದು ಹೊಸದೇನೂ ಅಲ್ಲ. ಭಾರತದ ಕಥೆ ಎಲ್ಲರಿಗೂ ಲಭ್ಯವಿತ್ತು. ಅರ್ಜುನನಲ್ಲಿ ಅರಿಕೇಸರಿಯನ್ನು ಕಂಡವನು ಪಂಪ.

4. 'ಚಾಲ' ಎಂಬ ಪ್ರಾಮಾಣಿಕತೆ

ನನ್ನ ಶಿಕ್ಷಣ ನಾಲ್ಕನೆಯ ಇಯತ್ತೆಯವರೆಗೆ ಕನ್ನಡದಲ್ಲಿ, ಮುಂದೆ ಮರಾಠಿಯಲ್ಲಿ ನಡೆಯಿತು. ಶಾಲೆಯ ಗ್ರಂಥಾಲಯದಲ್ಲಿ ಮರಾಠಿ ಸಂಗೀತನಾಟಕಗಳ ಹಳೆಯ ಪುಸ್ತಕಗಳಿದ್ದವು. ಅವುಗಳಲ್ಲಿ ಪದದ ನೆತ್ತಿಯ ಮೇಲೆ 'ಚಾಲ' ಎಂದು ಬರೆದು, ಅದರ ಧಾಟಿ ಯಾವ ಹಳೆಯ ಹಾಡಿನಿಂದ ಬಂದುದೆಂಬುದನ್ನು ಅಚ್ಚುಮಾಡಿರುತ್ತಿದ್ದರು. ಈ ಪರಂಪರೆಯ ಅಧ್ವರ್ಯು ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. 1880ರಲ್ಲಿ ಪುಣೆಯಲ್ಲಿ ರಂಗಕ್ಕೆ ಬಂದ ಅವರ 'ಶಾಕುಂತಲ'ದಿಂದ ಮೊದಲಾದ ನಾಟಕಗಳಲ್ಲಿ ಕನ್ನಡ ಹಾಡುಗಳ ಧಾಟಿಗಳೂ ಸೇರಿಕೊಂಡವು. ಮರಾಠಿ ರಸಿಕರು ತಮ್ಮದೆಂದು ಎದೆಗೆ ಒತ್ತಿಕೊಂಡ ನಾಟ್ಯಗೀತಗಳ ಕೆಲವು ಬೇರುಗಳು ಈ ಕಡೆಯ ಮಣ್ಣಿನಲ್ಲಿವೆ. ಅದನ್ನು ಯಾರೂ ಕಳವೆನ್ನಲಿಲ್ಲ. ಪಡೆದುದನ್ನು ಪದದ ತಲೆಯ ಮೇಲೆಯೇ ಬರೆಯುವ ಪದ್ಧತಿಯಿತ್ತು.

ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ 'ಹರಣ'ವನ್ನು ವಿವರವಾಗಿ ವಿಂಗಡಿಸಿದ್ದಾನೆ. ಮರೆಮಾಚುವ ಜಾಣ್ಮೆಗೂ ಅವನಲ್ಲಿ ಒಂದಿಷ್ಟು ಮನ್ನಣೆಯುಂಟು. ನನಗೆ ರಾಜಶೇಖರನಿಗಿಂತ ಆ ಹಳೆಯ ನಾಟಕಪುಸ್ತಕಗಳ ರೀತಿಯೇ ಹೆಚ್ಚು ಹಿಡಿಸುತ್ತದೆ. ಪಂಪನೂ ಆರಂಭದಲ್ಲಿಯೇ ವ್ಯಾಸರ ಹಿರಿಮೆಯನ್ನು ನೆನೆದು ಮುಂದುವರಿದವನು. ಋಣವನ್ನು ಹೇಳಿಕೊಂಡುದರಿಂದ ಅವನ ಕೃತಿ ಕಿರಿದಾಗಲಿಲ್ಲ.

5. ಹಲಗಿ ಬಡಿದವನ ಪಾಲು

ಅತ್ಯಂತ ಗಂಭೀರವಾದ ಪ್ರಶ್ನೆ ಉಳಿದಿದೆ. 1969ರಲ್ಲಿ ಅಮೆರಿಕದ ದಿ ವಿನ್‌ಸ್ಟನ್ಸ್ ಎಂಬ ತಂಡ 'ಆಮೆನ್, ಬ್ರದರ್' ಎಂಬ ವಾದ್ಯಗೀತೆಯನ್ನು ಮುದ್ರಿಸಿತು. ಅದರ ನಡುವೆ ಜಿ. ಸಿ. ಕೋಲ್ಮನ್ ಎಂಬ ವಾದಕ ಆರೇಳು ಸೆಕೆಂಡುಗಳ ಕಾಲ ಒಬ್ಬನೇ ಡ್ರಮ್ ನುಡಿಸಿದ್ದಾನೆ. ಮುಂದಿನ ದಶಕಗಳಲ್ಲಿ ಆ ಆರೇಳು ಸೆಕೆಂಡು ಸಾವಿರಾರು ಹಾಡುಗಳಲ್ಲಿ ಲೂಪಾಗಿ ಸುತ್ತಿತು. ಅದರ ಮೇಲೆ ಹೊಸ ಸಂಗೀತಪ್ರಕಾರಗಳೇ ನಿಂತವು. ಕೋಲ್ಮನ್‌ನಿಗೆ ಗೌರವಧನ ಬರಲಿಲ್ಲ. 2006ರಲ್ಲಿ ಅವನು ಬಡತನದಲ್ಲಿಯೇ ತೀರಿಕೊಂಡನು. 2015ರಲ್ಲಿ ಅಭಿಮಾನಿಗಳು ಸುಮಾರು 24,000 ಪೌಂಡುಗಳನ್ನು ಕೂಡಿಸಿ ತಂಡದ ನಾಯಕ ರಿಚರ್ಡ್ ಸ್ಪೆನ್ಸರನಿಗೆ ಒಪ್ಪಿಸಿದರು. ನುಡಿಸಿದ ಕೈಗೆ ಅದು ತಲುಪಲಿಲ್ಲ.

ತಂತ್ರಾಂಶದೊಡನೆ ಬರುವ ಲೂಪನ್ನು ಹಾಡಿನಲ್ಲಿ ಬಳಸಲು ಕಂಪನಿಯ ಪರವಾನಿಗೆ ಇರುತ್ತದೆ; ಅಲ್ಲಿ ಕಾನೂನಿನ ತೊಡಕಿಲ್ಲ. ನಮ್ಮ ವಿದ್ಯಾರ್ಥಿಯ ಹಲಗಿಯ ಲೂಪು ಅಂಥದಲ್ಲ. ಆಮೇಲೆ ಕೇಳಿದಾಗ ತಿಳಿಯಿತು: ಅದು ಯಾವುದೋ ಜಾತ್ರೆಯಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದದ್ದು, ಗೆಳೆಯರಿಂದ ಗೆಳೆಯರಿಗೆ ಹರಿದು ಬಂದದ್ದು. ಬಡಿದವನ ಹೆಸರು ಯಾರಿಗೂ ಗೊತ್ತಿಲ್ಲ. ಈಗ ಅದೇ ಬಗೆಯ ಲೂಪುಗಳು ಡಿಜೆ ಪೆಟ್ಟಿಗೆಗಳಿಂದ ಮೊಳಗುತ್ತವೆ. ಮೆರವಣಿಗೆಗೆ ಹಲಗಿಯವರನ್ನು ಕರೆಯುವ ಮನೆಗಳು ಕಡಿಮೆಯಾಗುತ್ತಿವೆ. ತನ್ನದೇ ಬಡಿತ ತನ್ನ ಅನ್ನಕ್ಕೆ ಅಡ್ಡ ಬಂದಿರುವುದು ಆ ವಾದಕನಿಗೆ ತಿಳಿದೂ ಇರಲಿಕ್ಕಿಲ್ಲ. ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆಯು ಪ್ರದರ್ಶಕನ ಹಕ್ಕನ್ನು ಒಪ್ಪಿದೆ. 2012ರ ತಿದ್ದುಪಡಿಯು ತನ್ನ ಹೆಸರಿನಿಂದ ಗುರುತಿಸಲ್ಪಡುವ ಹಕ್ಕನ್ನೂ ಅವನಿಗೆ ಕೊಟ್ಟಿದೆ. ಆದರೆ ಹೆಸರೇ ಅಳಿಸಿಹೋದ ಮೇಲೆ ಹಕ್ಕು ಯಾರನ್ನು ಹುಡುಕಿಕೊಂಡು ಹೋಗಬೇಕು?

6. ಉಪಸಂಹಾರ

ಸಿದ್ಧ ಲೂಪನ್ನು ಬಳಸಬಹುದೇ ಎಂದರೆ, ಬಳಸಬಹುದು ಎಂದೇ ನನ್ನ ಉತ್ತರ. ಆದರೆ ಮೂರು ಮಾತುಗಳನ್ನು ಕೇಳಿಕೊಂಡು ಬಳಸಬೇಕು. ಲೂಪನ್ನು ತೆಗೆದರೆ ನನ್ನದೆಂದು ಏನಾದರೂ ಉಳಿಯುತ್ತದೆಯೆ? ಪಡೆದುದನ್ನು ಪಡೆದೆನೆಂದು ಹೇಳಿದ್ದೇನೆಯೆ? ನುಡಿಸಿದವನಿಗೆ ಸಲ್ಲಬೇಕಾದುದು ಸಂದಿದೆಯೆ?

ಆ ದಿನದ ಹಾಡು ಮೊದಲನೆಯ ಪ್ರಶ್ನೆಯಲ್ಲಿ ಗೆದ್ದಿತ್ತು. ಹಲಗಿಯನ್ನು ತೆಗೆದುಹಾಕಿದರೂ ಗುಳೆ ಹೋದ ತಾಯಿ ಆ ಹಾಡಿನಲ್ಲಿ ಉಳಿಯುತ್ತಾಳೆ. ಉಳಿದೆರಡು ಪ್ರಶ್ನೆಗಳನ್ನು ನಾವು ಅವನಿಗೆ ಕೇಳಲೇ ಇಲ್ಲ, ಕಲಿಸಲೂ ಇಲ್ಲ. ಅಂಕ ಕಳೆದುದು ನನ್ನ ತಪ್ಪು. ಕಾರಣವನ್ನು ತಪ್ಪಾಗಿ ಬರೆದುದು ಇನ್ನೂ ದೊಡ್ಡ ತಪ್ಪು. ಈ ವರ್ಷದ ಸ್ಪರ್ಧೆಯ ಅರ್ಜಿಯಲ್ಲಿ 'ಧಾಟಿ ಅಥವಾ ಲೂಪಿನ ಮೂಲ' ಮತ್ತು 'ವಾದಕರ ಹೆಸರು' ಎಂಬ ಎರಡು ಕಲಮುಗಳನ್ನು ಸೇರಿಸಿದ್ದೇವೆ. ಅದೇ ವಿದ್ಯಾರ್ಥಿ ಮೊದಲ ಅರ್ಜಿಯನ್ನು ತುಂಬಿ ತಂದ. ಎರಡನೆಯ ಕಲಮಿನಲ್ಲಿ ಅವನು 'ಹೆಸರು ತಿಳಿಯದು, ಹುಡುಕುತ್ತಿದ್ದೇನೆ' ಎಂದು ಬರೆದಿದ್ದ.

ಅಭ್ಯಾಸ

1. ಪ್ರತಿಬಿಂಬಕಲ್ಪ, ಆಲೇಖ್ಯಪ್ರಖ್ಯ, ತುಲ್ಯದೇಹಿ ಇವುಗಳ ಭೇದವನ್ನು ನೀವು ಕೇಳಿದ ಹಾಡುಗಳ ನಿದರ್ಶನದಿಂದ ವಿವರಿಸಿರಿ.
2. ಛಂದಸ್ಸು ಮತ್ತು ಲೂಪು ಇವೆರಡೂ ಆವರ್ತನಗಳೇ ಆದರೂ ಒಂದೇ ಅಲ್ಲ, ಏಕೆ? ಭಾಮಿನಿ ಷಟ್ಪದಿಯ ಒಂದು ಪದ್ಯಕ್ಕೆ ಪ್ರಸ್ತಾರ ಹಾಕಿ ಚರ್ಚಿಸಿರಿ.
3. ನಿಮ್ಮ ಊರಿನ ಭಜನೆಯ ಪದವೊಂದನ್ನು ಆಯ್ದುಕೊಂಡು, ಅದರ ಧಾಟಿ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಇದೆಯೇ ಎಂದು ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿರಿ. ಹಾಡಿದವರ ಹೆಸರನ್ನು, ಅವರ ಒಪ್ಪಿಗೆ ಪಡೆದು, ಮೇಲೆ ಬರೆಯುವುದನ್ನು ಮರೆಯಬೇಡಿರಿ.